ಸಿಂಗ್ಯಾನ ಒಪ್ಪತ್ತು

ಬಾಯಿಬಿಟ್ಟು ಬೇಡಿಕೊಳ್ಳದ ಹರಕೆಯೊಂದು ಮರೆವ್ವನ ಕೊರಳಿಗೆ ಬಿದ್ದದ್ದು ನಾಯಿಯ ದೆಸೆಯಿಂದ. ಎರಡು ಸಾವಿರದ ನಾಲ್ಕರ ಸುಮಾರಿನ ಮಾತು.

ಇಳಕಲ್ಲಿನ ನೇಕಾರರ ಓಣಿಯಲ್ಲಿ ಅವಳ ಮನೆ. ಒಳಗೆ ಕಾಲಿಟ್ಟೊಡನೆ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಾಗ ಅವಳ ಮಗ್ಗುಲಿಗೇ ನಾಯಿ ಸಿಂಗ್ಯಾ ಮಲಗಿರುತ್ತಿತ್ತು. ಲಾಳಿ ಆಡಿಸುತ್ತ ಅವಳು ಜೋಳ ತೀರಿದ್ದು, ಸೊಂಟ ಹಿಡಿದದ್ದು, ಮಗಳು ಸಿಡುಕಿದ್ದು ಎಲ್ಲವನ್ನೂ ಅದರ ಮುಂದೆ ಹೇಳುತ್ತಿದ್ದಳು. ಗಂಡ ಚಂದಪ್ಪ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿಯುವವ. ಕಿವಿ ತುಂಬ ಯಂತ್ರದ ಸದ್ದು ಹೊತ್ತುಕೊಂಡು ಮನೆಗೆ ಬರುತ್ತಿದ್ದ. ಯಾರು ಏನು ಹೇಳಿದರೂ ‘ಹೂಂ’ ಅನ್ನುತ್ತಿದ್ದ. ಕೇಳಿಸಿತೋ ಇಲ್ಲವೋ ದೇವರೇ ಬಲ್ಲ. ನಾಯಿ ಹಾಗಲ್ಲ. ಅವಳ ದನಿ ಇಳಿದರೆ ಸಾಕು, ಕಣ್ಣು ತೆರೆದು ನೋಡುತ್ತಿತ್ತು.

ಆ ಓಣಿಯವರು ಹೆಚ್ಚಿನಂಶ ಮೈಲಾರಲಿಂಗನಿಗೆ ನಡೆದುಕೊಳ್ಳುವವರು. ನಾಯಿ ಆ ದೇವರ ಸಂಗಡಿಗ ಎಂದು ಒಲೆಯಿಂದ ಇಳಿದ ಮೊದಲ ರೊಟ್ಟಿ ಅದಕ್ಕೇ ಹಾಕುತ್ತಿದ್ದರು. ಮನೆಗೊಂದು ರೊಟ್ಟಿಯಂತೆ ತಿಂದು ಸಿಂಗ್ಯಾ ಜೋಳದ ಚೀಲದಂತೆ ಊದಿತು. ಆ ವರ್ಷದ ಬೇಸಿಗೆಯಲ್ಲಿ ಹೊಸ್ತಿಲು ದಾಟುವುದಕ್ಕೂ ನಿಂತು ಯೋಚಿಸುವಂತಾಯಿತು. ಒಂದು ಮಧ್ಯಾಹ್ನ ಹಿಂಗಾಲು ಎಳೆಯುತ್ತ ಬಂದು ಮಗ್ಗದ ಬಳಿ ಕುಸಿದು, ತಿದಿ ಒತ್ತಿದಂತೆ ಏದುಸಿರು ಬಿಡತೊಡಗಿತು. ಮರೆವ್ವ ತಳ್ಳುಗಾಡಿ ಕೇಳಿ ತಂದು ಅದನ್ನು ದನದ ದವಾಖಾನೆಗೆ ಒಯ್ದಳು.

ಡಾಕ್ಟರು ಅದರ ಪಕ್ಕೆ ಒತ್ತಿ ನೋಡಿದರು. ಎಲುಬು ಕೈಗೆ ಸಿಗಲಿಲ್ಲ.

“ಬ್ಯಾರೆ ಬ್ಯಾನಿ ಏನಿಲ್ಲವ್ವ. ಈ ಮೈ ಹೊತ್ತು ಹೊತ್ತು ಇದರ ಎದಿ ಸೋತೈತಿ. ದಿನಕ್ಕ ಒಂದ ಹೊತ್ತು ಹಾಕ್ರಿ, ಒಂದೂವರಿ ರೊಟ್ಟಿ, ಮ್ಯಾಲ ಒಂಚೂರು ಮಜ್ಜಿಗಿ. ಮುಂಜಾನೆ ತಂಪಿನಾಗ ನಡಸ್ರಿ. ಹಂಗ ಬಿಟ್ರ ಇದು ದೀಪಾವಳಿ ನೋಡಂಗಿಲ್ಲ.”

“ನಾನ ದಿನಾ ಕುಂತ ದುಡ್ಯಾಕಿರಿ. ಇದನ್ನ ಯಾರು ನಡಸಬೇಕು?”

“ಹಂಗಾದ್ರ ನಿಮಗೂ ಛಲೋ ಆತು.”

ಮನೆಗೆ ಬಂದು ಅವಳು ದಿನದ ಕೆಲಸಗಳನ್ನು ಬೆರಳು ಮಡಚಿ ಎಣಿಸಿದಳು. ನಳದ ನೀರು, ಕಸ, ರೊಟ್ಟಿ, ಮಗಳ ಸಾಲಿ, ಆಮೇಲೆ ಕತ್ತಲಾಗುವವರೆಗೆ ಮಗ್ಗ. ಇದರಲ್ಲಿ ನಡೆಯುವ ಹೊತ್ತು ಎಲ್ಲಿಂದ ತರುವುದು? ಕಡೆಗೆ ನಿದ್ದೆಯಿಂದಲೇ ಕಡಿದುಕೊಂಡಳು.

ಬೆಳಕು ಹರಿಯುವ ಮೊದಲು ಎದ್ದು, ಹಳೆಯ ಸೀರೆಯ ಅಂಚನ್ನು ಸಿಂಗ್ಯಾನ ಕೊರಳಿಗೆ ಕಟ್ಟಿ, ಹುನಗುಂದ ರಸ್ತೆ ಹಿಡಿದು ಊರ ಹೊರಗಿನ ಹನುಮಪ್ಪನ ಗುಡಿಯವರೆಗೆ ನಡೆಯತೊಡಗಿದಳು. ಚಪ್ಪಲಿಯ ಬಾರು ಹರಿದಿದ್ದರಿಂದ ಬರಿಗಾಲು. ಮೈಯಲ್ಲಿ ಕಸುವಿಲ್ಲದ್ದರಿಂದ ಮಾತಿಲ್ಲ. ನಾಯಿ ನಾಲ್ಕು ಹೆಜ್ಜೆಗೊಮ್ಮೆ ಕೂಡುತ್ತಿತ್ತು, ಅವಳೂ ನಿಲ್ಲುತ್ತಿದ್ದಳು. ಕಲ್ಲು ಹೇರಿದ ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ಗುಡಿ ಮುಟ್ಟಿದ ಮೇಲೆ ಕಟ್ಟೆಗೆ ಒರಗಿ ದಣಿವಾರಿಸಿಕೊಂಡು, ಎದುರಿಗಿದ್ದ ದೇವರಿಗೆ ಕೈಮುಗಿದು ಹೊರಳುತ್ತಿದ್ದಳು.

ಪಕ್ಕದ ಮನೆಯ ಲಕ್ಕವ್ವ ಒಂದು ಮುಂಜಾನೆ ಅಂಗಳಕ್ಕೆ ನೀರು ಹೊಡೆಯುತ್ತ ತಡೆದು ಕೇಳಿದಳು.

“ಏನಬೇ ಮರೆವ್ವಾ, ಯಾವ ಹರಕಿ ಹೊತ್ತೀ?”

“ಹರಕಿ ಎಲ್ಲೀದಬೇ. ಈ ನಾಯಿ ಮೈ ಇಳೀಲಂತ ತಿರಗಾಕತ್ತೇನಿ.”

ಲಕ್ಕವ್ವ ನಕ್ಕಳು. “ನಾಯಿ ಮೈ ಇಳಸಾಕ ಬರಿಗಾಲಲೆ, ಮೌನ ಹಿಡದು, ಹೊತ್ತ ಹೊಂಡೂಕಿಂತ ಮೊದಲ ಹನುಮಪ್ಪನ ಗುಡಿಗಿ? ಇರಲಿ ಬಿಡು. ತೀರೂತನಕ ಹರಕಿ ಯಾರ ಮುಂದನೂ ಹೇಳಬಾರದು. ನನಗ ತಿಳ್ಯಂಗಿಲ್ಲೇನು?”

ಮರೆವ್ವ ಡಾಕ್ಟರ ಮಾತು ಹೇಳಿ ಇಲ್ಲ ಇಲ್ಲ ಎಂದಷ್ಟೂ ಓಣಿಗೆ ಖಾತ್ರಿಯಾಗುತ್ತ ಹೋಯಿತು. ಗಂಡನ ಕಿವಿಗಾಗಿ ಎಂದರು ಕೆಲವರು, ಮಗಳ ಹತ್ತನೇ ಇಯತ್ತೆಯ ಪರೀಕ್ಷೆಗಾಗಿ ಎಂದರು ಕೆಲವರು. ಲಕ್ಕವ್ವ ಗುಡಿಯ ದೀಪಕ್ಕೆಂದು ಎಣ್ಣೆಯ ಗಿಂಡಿ ಕೊಟ್ಟು, ಅದರ ಜೊತೆಗೆ ಸಿಂಗ್ಯಾನ ಮುಂದೆ ಬೆಲ್ಲ ಕೊಬ್ಬರಿ ಇಟ್ಟಳು. ಇನ್ನೊಂದು ಮನೆಯವರು ಬಾಳೆಹಣ್ಣು ಇಟ್ಟರು. ರಸ್ತೆಯ ಮೇಲೆ ಚಹಾದಂಗಡಿ ಇಟ್ಟಿದ್ದ ಗೌಸಸಾಬ ಬನ್ನು ಮುರಿದು ಹಾಕುತ್ತ, “ದೇವರ ಕೆಲಸಕ್ಕ ಹೊಂಟ ಜೀವರಿ ಅಕ್ಕಾರ. ನಮ್ಮದೂ ಒಂಚೂರ ಇರಲಿ” ಎನ್ನುತ್ತಿದ್ದ. ಅಕ್ಕರೆಯಿಂದ ಕೊಟ್ಟದ್ದನ್ನು ನಾಯಿಯ ಬಾಯಿಯಿಂದ ಕಸಿಯುವುದು ಹೇಗೆ? ಕಸಿಯಹೋದರೆ ದೇವರ ಪ್ರಸಾದ ಕಸಿದಳು ಎಂದಾರು. ಸಿಂಗ್ಯಾ ಬಾಗಿಲು ಬಾಗಿಲಿಗೆ ನಿಲ್ಲುವುದನ್ನು ಕಲಿಯಿತು. ಮನೆಯಲ್ಲಿ ಅಳೆದು ಹಾಕಿದ ಒಂದೂವರೆ ರೊಟ್ಟಿ ಅದಕ್ಕೆ ನೆಪಕ್ಕೆ ಮಾತ್ರ.

“ಯವ್ವಾ, ನಡದ ನಡದ ನೀ ಕರಗಾಕತ್ತೀ. ಅದು ನೋಡು, ಗೌಡರಂಗ ಆಗಾಕತ್ತೈತಿ” ಎಂದಳು ಮಗಳು ಭಾಗ್ಯಜ್ಯೋತಿ.

ಶ್ರಾವಣದ ಒಂದು ಮುಂಜಾನೆ ಗೌಸಸಾಬನ ಅಂಗಡಿಯ ಎದುರಿಗೇ ನಾಯಿ ಅಡ್ಡಬಿತ್ತು. ನಾಲಿಗೆ ನೀಲಿಗಟ್ಟಿ ಹೊರಬಂದಿತ್ತು. ಮರೆವ್ವ ರಸ್ತೆಯ ಅಂಚಿನಲ್ಲೇ ಕುಕ್ಕರಿಸಿ ಅದರ ತಲೆಯನ್ನು ತೊಡೆಗೆ ಎಳೆದುಕೊಂಡಳು. ಇಷ್ಟು ದಿನ ತಾನು ಅದನ್ನು ಸಾವಿನಿಂದ ದೂರ ನಡೆಸುತ್ತಿದ್ದೆನೋ, ಸಾವಿನ ಕಡೆಗೋ ಎಂದು ಅನಿಸಿತು. ಗೌಸಸಾಬ ನೀರು ತಂದು ಅದರ ಬಾಯಿಗೆ ಚಿಮುಕಿಸಿದ. ಉಸಿರು ನಿಧಾನವಾಗಿ ಹದಕ್ಕೆ ಬಂತು. ಕಣ್ಣು ಬಿಟ್ಟಿತು. ಕೂಡಲೇ ಅವನು ಬನ್ನು ಹಿಡಿದು ಬಂದ.

“ಹಸದೈತಿರಿ ಪಾಪ. ಇಷ್ಟ ತಿಂದ್ರ ಜೀವ ಬರತೈತಿ.”

“ಹಾಕಬ್ಯಾಡ್ರಿ” ಎಂದಳು ಮರೆವ್ವ. ಮುಂದಿನ ಮಾತು ತಾನಾಗಿಯೇ ಬಾಯಿಂದ ಬಂತು. “ಒಪ್ಪತ್ತು ಐತಿ.”

“ನಿಮಗೇನ್ರಿ?”

“ಅದಕ್ಕ. ದಿನಕ್ಕ ಒಂದ ಹೊತ್ತು, ನಮ್ಮ ಮನ್ಯಾಗ ಅಷ್ಟ. ಹೊರಗಿಂದು ಏನೂ ಮುಟ್ಟಬಾರದು.”

ಗೌಸಸಾಬ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. “ರೋಜಾ ಹಿಡದೈತಿ ಅನ್ರಿ. ಮೊದಲ ಹೇಳಬಾರದೇನ್ರಿ ಅಕ್ಕಾರ, ನನ್ನ ಕೈಲೆ ಎಷ್ಟ ಸಲ ಮುರಿಸಿದ್ರಿ.” ಬನ್ನನ್ನು ಮರಳಿ ಬರಣಿಗೆ ಹಾಕಿ ಮುಚ್ಚಳ ಬಿಗಿದ.

ಮಧ್ಯಾಹ್ನದೊಳಗೆ ಓಣಿಗೆಲ್ಲ ಸುದ್ದಿ ಮುಟ್ಟಿತು. ಡಾಕ್ಟರ ಮಾತಿಗೆ ತಲೆಯಾಡಿಸಿ ಮರೆತವರು ಒಪ್ಪತ್ತಿನ ಮಾತಿಗೆ ಬಗ್ಗಿದರು. ಬೇರೆ ಓಣಿಯ ಹೆಣ್ಣುಮಗಳೊಬ್ಬಳು ರೊಟ್ಟಿ ಎಸೆದಾಗ ಲಕ್ಕವ್ವ ಕಸಬರಿಗೆ ಹಿಡಿದೇ ಓಡಿದಳು. “ವ್ರತದ ನಾಯಿ ಬಾಯಾಗ ಹಾಕತೀಯೇನಬೇ? ಪಾಪ ಯಾರು ಕಟ್ಟಿಗೋಬೇಕು?” ಸಿಂಗ್ಯಾ ಬಾಗಿಲುಗಳ ಮುಂದೆ ನಿಂತು, ನೋಡಿ, ಬರಿಗೈಯ ನಮಸ್ಕಾರ ಪಡೆದು ಮುಂದೆ ಹೋಗುವಂತಾಯಿತು.

ಮರೆವ್ವನಿಗೆ ಮಾತ್ರ ದೇವರ ದೀಪದ ಮುಂದೆ ಕೂತಾಗ ಮುಖ ಎತ್ತಲಾಗಲಿಲ್ಲ. ಸುಳ್ಳು ತನ್ನದು, ಹಸಿವು ನಾಯಿಯದು. ಆ ರಾತ್ರಿ ಅವಳು ಎಲ್ಲರಿಗೂ ಬಡಿಸಿ, ತನ್ನ ಗಂಗಾಳವನ್ನು ಬೋರಲು ಹಾಕಿದಳು. ಮರುದಿನವೂ ಹಾಗೆಯೇ.

ಒಂದು ವಾರ ಕಳೆದ ಮೇಲೆ ಚಂದಪ್ಪ ಊಟದ ನಡುವೆ ತಲೆಯೆತ್ತಿದ. “ನೀ ಯಾಕ ಉಣವಲ್ಲಿ?”

ಅವನ ಕಣ್ಣಿಗೆ ಇದು ಬಿತ್ತಲ್ಲ ಎಂದು ಅವಳಿಗೆ ಅಚ್ಚರಿಯಾಯಿತು. ಕೇಳಿಸಲೆಂದು ಹತ್ತಿರ ಸರಿದು ಹೇಳಿದಳು. “ದೇವರ ಹೆಸರಲೆ ಒಂದ ಮಾತ ಆಡೇನಿ. ಅದನ್ನ ಖರೆ ಮಾಡಬೇಕಲ್ಲ.”

ಅವನು ಕೈಯಲ್ಲಿದ್ದ ತುತ್ತನ್ನು ಗಂಗಾಳಕ್ಕೆ ಇಳಿಸಿದ. “ಹಾಲರ ಕುಡಿ. ಹಾಲಿಗೆ ದೋಷ ಇಲ್ಲ” ಎಂದ. ಆ ದಿನದಿಂದ ಹಾಲು ಕಾಸಿ ಲೋಟ ತಂದು ಮಗ್ಗದ ಅಂಚಿಗೆ ಇಡುವುದು ಅವನ ಕೆಲಸವಾಯಿತು.

ಆದರೂ ಸಂಜೆಯಾದರೆ ಲಾಳಿ ಅವಳ ಕೈ ತಪ್ಪುತ್ತಿತ್ತು. ಸೆರಗಿನ ಎಳೆ ಕೂಡಿಸುವಾಗ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಡಾಕ್ಟರು ಸಾಕು ಅನ್ನಲಿ, ನಾನೂ ಸಾಕು ಅಂದುಬಿಡುತ್ತೇನೆ, ಒಂದು ಮುಂಜಾನೆ ಹೊತ್ತು ಏರುವತನಕ ಮಲಗುತ್ತೇನೆ ಎಂದು ಅದೊಂದೇ ಆಸೆಯ ಮೇಲೆ ಕಾಲು ಎತ್ತಿಡುತ್ತಿದ್ದಳು. ದಸರೆ ಹೊತ್ತಿಗೆ ಸಿಂಗ್ಯಾ ಹೊಸ್ತಿಲನ್ನು ಹಾರಿ ದಾಟಿತು. ಡಾಕ್ಟರು ಪಕ್ಕೆ ಒತ್ತಿ ನೋಡಿ, ಎಲುಬು ಕೈಗೆ ಸಿಕ್ಕದ್ದಕ್ಕೆ ತಲೆದೂಗಿದರು. “ಗೆದ್ರಿ ನೋಡವ್ವ. ಇನ್ನ ಇದನ್ನ ಹಿಂಗ ಇಟಗೋರಿ. ಕೈ ಬಿಟ್ರ ಎರಡ ತಿಂಗಳದಾಗ ಮೊದಲಿನಂಗ ಆಗತೈತಿ.”

ಮನೆಗೆ ಬರುವಷ್ಟರಲ್ಲಿ ಲಕ್ಕವ್ವ ಕಟ್ಟೆಯ ಮೇಲೆ ಕಾದು ಕೂತಿದ್ದಳು.

“ಹರಕಿ ಮುಟ್ಟಿತಲ್ಲಬೇ. ನಿನ್ನ ಮಾರಿ ನೋಡಿದ್ರ ತಿಳಿತೈತಿ. ಉದ್ಯಾಪನಿ ಯಾವಾಗ? ಓಣಿಯವರೆಲ್ಲ ಕೂಡಿ ಹೋಳಿಗಿ ಮಾಡತೇವಿ. ಮೊದಲ ಎಲಿ ಸಿಂಗ್ಯಾಗ. ಗೌಸಸಾಬ ಶಿರಾ ತರತೇನಿ ಅಂದಾನ. ಎಷ್ಟ ದಿನದಿಂದ ಪಾಪ ಅದರ ಹೊಟ್ಟಿ ಕಟ್ಟೀವಿ.”

ಹರಕೆ ತೀರಿತು ಎಂದರೆ ಆ ಎಲೆ, ಆ ಎಲೆಯ ಮರುದಿನದಿಂದ ಮನೆಗೊಂದು ರೊಟ್ಟಿ. ಮರೆವ್ವ ಕಟ್ಟೆಯ ಮೇಲೆ ಲಕ್ಕವ್ವನ ಪಕ್ಕಕ್ಕೆ ಕೂತಳು. ಮಲಗಬೇಕೆಂದುಕೊಂಡಿದ್ದ ಮುಂಜಾನೆ ಕಣ್ಣ ಮುಂದೆಯೇ ಸರಿದುಹೋಯಿತು. ಸಿಂಗ್ಯಾ ಬೀದಿಯಲ್ಲಿ ಒಂದು ಕೋಳಿಯನ್ನು ಸುಮ್ಮನೆ ಅಟ್ಟಿಸಿಕೊಂಡು ಓಡುತ್ತಿತ್ತು.

“ಇನ್ನೂ ತೀರಿಲ್ಲಬೇ” ಎಂದಳು.

“ಮತ್ತ ಯಾವಾಗ?”

“ಅದು ಇರೂತನಕದ್ದು.”

ಲಕ್ಕವ್ವ ಮೊಣಕಾಲು ನೀವಿಕೊಳ್ಳುತ್ತ, “ಹಂಗಾದ್ರ ನಾಳಿಂದ ನಾನೂ ಬರ್ತೇನಿ” ಎಂದಳು. “ಒಬ್ಬಾಕಿನ ಎಷ್ಟಂತ ಹೊರತೀ?”

ಮರುದಿನ ನಸುಕಿನಲ್ಲಿ ಮೂವರೂ ಹೊರಟರು. ಊರು ದಾಟುವುದರೊಳಗೆ ಲಕ್ಕವ್ವ ಒಂದು ಕಲ್ಲಿನ ಮೇಲೆ ಕೂತುಬಿಟ್ಟಳು, ಮುಂದೆ ಇನ್ನೊಂದು ಕಲ್ಲಿನ ಮೇಲೆ. ಮುಂದೆ ಓಡಿದ್ದ ಸಿಂಗ್ಯಾ ಹೊರಳಿ ಬಂದು ಅವಳ ಎದುರು ನಿಂತು ಬಾಲ ಆಡಿಸಿತು.

“ಇನ್ನೆಷ್ಟ ದೂರಬೇ ಗುಡಿ?”

“ನಡದ್ರ ಬರತೈತಿ. ಏಳು” ಎಂದು ಮರೆವ್ವ ಕೈ ಕೊಟ್ಟಳು.