ಮಂಗಳದ ಫೈಲು ಸಿಗುತ್ತಿಲ್ಲ

೦

ಎಲ್ಲಿಂದ ಶುರು ಮಾಡಲಿ ಎಂದು ಓದುಗರನ್ನು ಕೇಳುವುದು ಇಂಥ ಕಥೆಗಳ ಹಳೆಯ ಚಾಳಿ. ನನ್ನದು ಚಾಳಿಯಲ್ಲ, ಭಯ. ನಮ್ಮಲ್ಲಿ ಕಾವ್ಯ ಓದುವ ಮೊದಲು ಗಣಪತಿ, ಆಮೇಲೆ ಶಾರದೆ, ಆಮೇಲೆ ಗುರು. ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳದೇ ಇದ್ದದ್ದಕ್ಕೇ ಭಯ ಹೆಚ್ಚು. ಈಚೆಗೆ ಮಗಳು ಅರ್ಚಿತಾ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಪಟ್ಟಿ ತೋರಿಸಿ, ಇದಕ್ಕೆ ಲೋಡ್ ಆರ್ಡರ್ ಎನ್ನುತ್ತಾರೆ, ಫೈಲುಗಳಲ್ಲಿ ಒಂದು ಹಿಂದುಮುಂದಾದರೂ ಕಂಪ್ಯೂಟರ್ ಆಟ ಏಳುವ ಮೊದಲೇ ಕುಸಿದು ಬೀಳುತ್ತದೆ ಎಂದಳು. ನನಗೆ ಎಷ್ಟೋ ಸಮಾಧಾನವಾಯಿತು. ಐವತ್ತು ವರ್ಷದ ಮೇಲೆ ಯಾರೋ ಕಾರಣ ಹೇಳಿದ್ದರು.

ಆದ್ದರಿಂದ ಈ ಕಥೆಯ ಲೋಡ್ ಆರ್ಡರ್: ಮೊದಲು ಅತ್ತೆ, ಆಮೇಲೆ ಆಟ, ಆಮೇಲೆ ನನ್ನ ತಪ್ಪು. ಸೋಮವಾರ ಕೊನೆಗೆ ಬರಬೇಕು. (ಬರದಿದ್ದರೂ ಆದೀತು.)

೧ (ಬಿಟ್ಟ ಕರಡು)

"ಶರಾವತಿಯ ಅಳಿವೆಯ ಮೇಲೆ ಸಂಜೆಯ ಬಿಸಿಲು ಬಂಗಾರ ಎರಚಿತ್ತು" ಎಂದು ಶುರು ಮಾಡಿದ್ದೆ. ಇಷ್ಟು ಬಂಗಾರ ಯಾಕೆ ಎಂದು ನನಗೇ ಅನಿಸಿತು. ಗಂಟಲಿನ ಕಥೆಗೆ ಬಿಸಿಲು ಏನು ಮಾಡೀತು?

೧ (ಮತ್ತೆ)

ಮಹಾಲಕ್ಷ್ಮೀ ಅತ್ತೆ ನನ್ನ ಅಪ್ಪನ ತಂಗಿ. ಹೊನ್ನಾವರದಲ್ಲಿ ಮನೆ, ಎಪ್ಪತ್ತೊಂದು ವರ್ಷ. ಅವಳ ಅಜ್ಜ ಬರೆದ ಒಂದು ಕಾವ್ಯವಿದೆ, ಭಾಮಿನಿ ಷಟ್ಪದಿಯಲ್ಲಿ. ಎಲ್ಲೂ ಅಚ್ಚಾಗಿಲ್ಲ, ಒಂದು ದಪ್ಪ ನೋಟುಬುಕ್ಕಿನಲ್ಲಿದೆ. ದಾರಿ ತಪ್ಪಿದ ನಾವಿಕನೊಬ್ಬ ನಾನಾ ದ್ವೀಪಗಳಲ್ಲಿ ಅಲೆದು ಊರಿಗೆ ಮರಳುವ ಕಥೆ. ಹನ್ನೊಂದು ಸಂಜೆಗಳಲ್ಲಿ ಓದಿ ಮುಗಿಸಬೇಕು. ಅವಳು ಓದುತ್ತಾಳೆ, ನಾನು ಕೇಳುತ್ತೇನೆ. ಎಂಟು ವರ್ಷದವನಿದ್ದಾಗಿಂದ ನನ್ನ ಕೆಲಸ ಅದೊಂದೇ. (ಕುಮಟಾದ ಕಾಲೇಜೊಂದರ ಗ್ರಂಥಾಲಯದಲ್ಲಿ ಸಂಬಳ ಬರುವ ಕೆಲಸವೂ ಇದೆ. ಅಲ್ಲಿಯೂ ಸುಮ್ಮನಿರುವುದೇ ಕೆಲಸ.)

ಓದಿಗೆ ಎರಡು ನಿಯಮ. ದಿನದ ಓದನ್ನು ಕೆಟ್ಟ ಜಾಗದಲ್ಲಿ ನಿಲ್ಲಿಸುವಂತಿಲ್ಲ. ನಾವಿಕನಿಗೆ ಜ್ವರ ಬಂದಲ್ಲಿ, ಹುಲಿ ಎದುರಾದಲ್ಲಿ ಪುಸ್ತಕ ಮುಚ್ಚಿಟ್ಟು ಊಟಕ್ಕೆ ಏಳುವಂತಿಲ್ಲ. ಇನ್ನೊಂದು ಪದ್ಯ ಮುಂದೆ ಹೋಗಿ, ಜ್ವರ ಇಳಿಸಿ, ಹುಲಿಯನ್ನು ಕಾಡಿಗೆ ಕಳಿಸಿ, ಶುಭದಲ್ಲಿ ನಿಲ್ಲಿಸಬೇಕು. ಇದು ಮೊದಲನೆಯದು. ಆ ಶುಭದ ಪದ್ಯ ಬಂದಾಗ ಕೇಳುವವನು ಎದ್ದು ನಿಂತು ಕೈ ಮುಗಿಯಬೇಕು. ಕೈಯಲ್ಲಿ ಏನೂ ಇರಬಾರದು. ಇದು ಎರಡನೆಯದು.

ಎರಡನೆಯದನ್ನು ನೆನಪಿಟ್ಟುಕೊಳ್ಳಿ. ನಾನು ಸಿಕ್ಕಿಬಿದ್ದದ್ದು ಅಲ್ಲಿ.

೨

ಅರ್ಚಿತಾ ಆಡುವ ಆಟಗಳು ಎರಡು. ಎರಡರಲ್ಲೂ ಕತ್ತಿ, ಮಂತ್ರ, ಡ್ರ್ಯಾಗನ್, ಮೊಣಕಾಲುದ್ದ ಹಿಮ. ಎರಡರಲ್ಲೂ ಕಣ್ಣಿಗೆ ಕಾಣುವ ಬೆಟ್ಟಕ್ಕೆಲ್ಲ ನಡೆದೇ ಹೋಗಬಹುದು. ಒಂದರ ಹೆಸರು ಹಾಲೋಮಾರ್ಕ್, ಇನ್ನೊಂದರದ್ದು ಥಾರ್ನ್‌ವೀಲ್. (ಹೆಸರು ಎರಡೂ ನಾನು ಕಟ್ಟಿದ್ದು. ನಿಜವಾದದ್ದನ್ನು ಹಾಕಿದರೆ ಒಂದರ ಭಕ್ತರು ಇನ್ನೊಂದರ ಭಕ್ತರ ಜೊತೆ ಈ ಪುಟದಲ್ಲೇ ಜಗಳಕ್ಕೆ ನಿಲ್ಲುತ್ತಾರೆ.)

ಹಾಲೋಮಾರ್ಕಿನಲ್ಲಿ ಒಬ್ಬ ತಾಯಿ ಮೆಟ್ಟಿಲ ಮೇಲೆ ಕೂತು ಅಳುತ್ತಾಳೆ. ಮಗುವನ್ನು ತೋಳ ಹೊತ್ತೊಯ್ದಿದೆ, ಬೇಗ ಬಾ ಎನ್ನುತ್ತಾಳೆ. ನೀವು ಹೂಂ ಎಂದು ಹೇಳಿ ಮೀನು ಹಿಡಿಯಲು ಹೋಗಬಹುದು, ಮನೆ ಕಟ್ಟಬಹುದು, ಮದುವೆಯಾಗಬಹುದು. ಮೂರು ವರ್ಷ ಬಿಟ್ಟು ಹೋದರೂ ತೋಳ ಮಗುವನ್ನು ಮುಟ್ಟಿರುವುದಿಲ್ಲ. ತಾಯಿ ಅದೇ ಮೆಟ್ಟಿಲ ಮೇಲೆ ಅದೇ ಅಳು ಅಳುತ್ತಿರುತ್ತಾಳೆ. ಥಾರ್ನ್‌ವೀಲಿನಲ್ಲಿ ಹಾಗಲ್ಲ. ಎರಡು ದಿನ ತಡವಾದರೆ ಮೆಟ್ಟಿಲು ಖಾಲಿ. ಬೈಯುವುದಕ್ಕೂ ಯಾರೂ ಇರುವುದಿಲ್ಲ.

ಅರ್ಚಿತಾಳಿಗೆ ಎರಡನೆಯದು ಮೇಲು. ಜಗತ್ತು ಇರುವುದೇ ಹಾಗೆ ಎನ್ನುತ್ತಾಳೆ. ನನಗೆ ಮೊದಲನೆಯದು. ಅದರಲ್ಲಿ ದಯೆ ಇದೆ ಎಂದೆ.

"ಅದು ದಯೆ ಅಲ್ಲ ಅಪ್ಪಾ, ಪ್ರೋಗ್ರಾಮ್ ಬರೆದವ್ರ ಸೋಮಾರಿತನ."

ಇರಬಹುದು. ದೇವರ ವಿಷಯದಲ್ಲೂ ನನಗೆ ಆಗಾಗ ಈ ಅನುಮಾನ ಬಂದಿದೆ. ಆದರೆ ಮಂಗಳೂರಿನ ಡಾಕ್ಟರು ಅತ್ತೆಯ ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿ, ಧ್ವನಿಪೆಟ್ಟಿಗೆಯ ಮೇಲೆ ಗಂಟು ಇದೆ, ಸೋಮವಾರ ತೆಗೆಯೋಣ, ಆಮೇಲೆ ಧ್ವನಿ ಉಳಿಯುತ್ತದೆ ಎಂದು ಮಾತು ಕೊಡಲಾರೆ ಎಂದ ದಿನದಿಂದ ನಾನು ಪೂರ್ತಿ ಹಾಲೋಮಾರ್ಕಿನ ಪಕ್ಷ. ಸೋಮವಾರ ಮೆಟ್ಟಿಲ ಮೇಲೆ ಕೂತು ಅಳುತ್ತಿರಲಿ. ನಾವು ಮೀನು ಹಿಡಿಯೋಣ.

(ಇವತ್ತು ಭಾನುವಾರ.)

೪

ಮೂರನೆಯದನ್ನು ಅರ್ಚಿತಾ ಓದಿ ಹೊಡೆದುಹಾಕಿದಳು. ಅದರಲ್ಲಿ ಮಾಡ್ ಎಂದರೇನು ಎಂದು ಎರಡು ಪುಟ ವಿವರಿಸಿದ್ದೆ. "ಇದು ಕಥೆ ಅಲ್ಲ ಅಪ್ಪಾ, ಪ್ಯಾಚ್ ನೋಟ್ಸ್ ಆಜು" ಎಂದಳು. (ಆಟದಲ್ಲಿ ಏನೇನು ಬದಲಾಯಿತು ಎಂಬ ಒಣ ಪಟ್ಟಿಗೆ ಹಾಗೆನ್ನುತ್ತಾರೆ.) ಹಾಗಾಗಿ ಚುಟುಕಾಗಿ: ಆಟ ಮಾಡಿದವರು ಯಾರೋ, ಅದರೊಳಗೆ ತಮ್ಮದೊಂದು ಊರು, ಮನುಷ್ಯರು, ಮಾತು ಸೇರಿಸಿ ಎಲ್ಲರಿಗೂ ಹಂಚುವವರು ಬೇರೆ. ಸೇರಿಸಿದ್ದಕ್ಕೆ ಮಾಡ್ ಎಂದು ಹೆಸರು. ಹಳೆಯ ಕಾವ್ಯಗಳಲ್ಲಿ ಯಾರೋ ನಡುವೆ ತೂರಿಸಿದ ಪದ್ಯಗಳಿಗೆ ಪಂಡಿತರು ಪ್ರಕ್ಷಿಪ್ತ ಎಂದು ಮೂಗು ಮುರಿಯುತ್ತಾರಲ್ಲ, ಅದೇ. ಇಲ್ಲಿ ಮೂಗು ಮುರಿಯದೆ ಡೌನ್‌ಲೋಡ್ ಮಾಡುತ್ತಾರೆ.

ಅರ್ಚಿತಾ, ಭಟ್ಕಳದ ಅವಳ ಜೊತೆಗಾರ ಮುಸಾಬ್ ಸೇರಿ ಹಾಲೋಮಾರ್ಕಿಗೆ ಒಂದು ಛತ್ರ ಕಟ್ಟಿದರು. ಮುಸಾಬ್ ಅದರ ಹಿಂದಿನ ಹಿಮದ ಕೆರೆಯನ್ನು ತೆಗೆದು ತನ್ನೂರಿನ ಪಕ್ಕದ ತೆಂಗಿನಗುಂಡಿಯ ದಕ್ಕೆಯನ್ನು (ದೋಣಿ ಕಟ್ಟುವ ಕಟ್ಟೆ) ಇಟ್ಟ, ದೋಣಿಗಳ ಸಮೇತ. ಛತ್ರದೊಳಗೆ ಬೆಂಕಿಯ ಪಕ್ಕ ಒಬ್ಬ ಮುದುಕಿ ಕೂತು ಕಾವ್ಯ ಓದುತ್ತಾಳೆ. ಅದು ಅತ್ತೆಯ ಧ್ವನಿ. ಸೀರೆ ಉಡಿಸಲು ನೋಡಿದರು. ಸೆರಗು ತೊಡೆಯೊಳಗಿಂದ ತೂರಿ ಬರುತ್ತಿತ್ತಂತೆ. ಕೊನೆಗೆ ಕರಡಿಯ ಚರ್ಮ ಹೊದ್ದುಕೊಂಡೇ ಷಟ್ಪದಿ ಹೇಳುವ ಹಾಗಾಯಿತು.

ಧ್ವನಿ ಹಿಡಿದವನು ನಾನು. ಆರು ತಿಂಗಳ ಹಿಂದೆ, ಗಂಟಿನ ಸುದ್ದಿ ಇಲ್ಲದಾಗ, ಹನ್ನೊಂದು ಸಂಜೆ ಫೋನು ಹಿಡಿದು ಅತ್ತೆಯ ಮುಂದೆ ಕೂತೆ. ಪ್ರತಿ ಸಂಜೆ ಶುಭದ ಪದ್ಯ ಬರುತ್ತಿದ್ದ ಹಾಗೆ ರೆಕಾರ್ಡಿಂಗ್ ನಿಲ್ಲಿಸಿ, ಫೋನನ್ನು ಚಾಪೆಯ ಮೇಲಿಟ್ಟು, ಎದ್ದು ಕೈ ಮುಗಿದೆ.

ಹನ್ನೊಂದು ಸಲ.

ಯೋಚಿಸಿ ಮಾಡಿದ್ದಲ್ಲ. ಕಾಲು ತಾನಾಗಿ ಎದ್ದಿತು, ಬೆರಳು ತಾನಾಗಿ ಒತ್ತಿತು. ಹಾಗಾಗಿ ಮೊದಲ ಫೈಲಿನಲ್ಲಿ ನಾವಿಕನಿಗೆ ಜ್ವರ ಬಂತು, ಅಲ್ಲಿಗೆ ಮುಗಿಯಿತು. ಎರಡನೆಯದರಲ್ಲಿ ಹುಲಿ ಬಂತು. ಐದನೆಯದರಲ್ಲಿ ಕುಡಿಯುವ ನೀರು ತೀರಿತು. ಹನ್ನೊಂದನೆಯದರಲ್ಲಿ ಊರು ಕಣ್ಣಿಗೆ ಕಾಣುವಷ್ಟು ಹತ್ತಿರ, ಅಳಿವೆಯ ಬಾಯಲ್ಲಿ, ದೋಣಿ ಅಡ್ಡ ಮಗುಚುತ್ತಿತ್ತು. ಅರ್ಚಿತಾ ಅದನ್ನು ಸಸ್ಪೆನ್ಸ್ ಎಂದುಕೊಂಡಳು. ಯಾವುದೋ ದೇಶದ ಆಟಗಾರನೊಬ್ಬ, ಈ ಮುದುಕಿ ಯಾರನ್ನೂ ಮನೆ ಮುಟ್ಟಲು ಬಿಡುವುದಿಲ್ಲ, ಯಾಕೆ ಎಂದು ಮಾಡ್‌ನ ಪುಟದಲ್ಲಿ ಕೇಳಿದ್ದ. ನಾವು ನಕ್ಕಿದ್ದೆವು.

ಹೋದ ಭಾನುವಾರ ಅರ್ಚಿತಾ ಲ್ಯಾಪ್‌ಟಾಪು ಹೊತ್ತುಕೊಂಡು ಹೊನ್ನಾವರಕ್ಕೆ ಬಂದಳು, ಅತ್ತೆಗೆ ಖುಷಿಯಾಗಲಿ ಎಂದು. ಅತ್ತೆ ಕನ್ನಡಕ ಹಾಕಿಕೊಂಡು ಕೂತಳು. ಜ್ವರ ಬಂತು, ಕಾದಳು. ಹುಲಿ ಬಂತು, ಕಾದಳು. ನಾಲ್ಕನೆಯದು ಮುಗಿದಾಗ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಮೆಲ್ಲಗೆ ಕೈಯಿಟ್ಟಳು. ನೋಡಿದ್ದು ಅರ್ಚಿತಾಳನ್ನಲ್ಲ, ನನ್ನನ್ನು.

"ತಮಾ, ಎಲ್ಲಾ ಕಡಿಗೂ ಕೆಟ್ಟಲ್ಲೇ ನಿಲ್ಸಿಟ್ಟಿದ್ಯಲಾ."

ಅಷ್ಟೇ. ಮಾತು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು.

ನಾನು ಪುಸ್ತಕಗಳ ನಡುವೆ ಇರುವವನು. ಆಡಿಯೋ ಫೈಲಿನಿಂದ ಗಂಟಲಿನಲ್ಲಿ ಗಂಟು ಬೆಳೆಯುವುದಿಲ್ಲ ಎಂದು ಗೊತ್ತಿದೆ. ಗೊತ್ತಿದ್ದೂ ಆ ಕ್ಷಣದಿಂದ ಹನ್ನೊಂದು ಸಂಜೆಗೂ ಒಂದು ಗಂಟಿಗೂ ಲೆಕ್ಕ ತಾಳೆ ನೋಡುತ್ತಲೇ ಇದ್ದೇನೆ.

೪½

ಛತ್ರಕ್ಕೆ ಹೋಗಿ ಮುದುಕಿಯ ಮುಂದೆ ನಿಂತೆ. (ಅರ್ಚಿತಾ ನಡೆಯಲು ಯಾವ ಗುಂಡಿ ಒತ್ತಬೇಕೆಂದು ಹೇಳಿಕೊಟ್ಟಿದ್ದಾಳೆ. ಗೋಡೆಗೆ ಎರಡು ಸಲ ಢಿಕ್ಕಿ ಹೊಡೆದೆ.) ಓದು ಮುಗಿದ ಮೇಲೆ ಅವಳು ಎದ್ದು ದಕ್ಕೆಗೆ ಹೋಗಬೇಕು, ಹಾಗೆಂದು ಬರೆದಿದ್ದರಂತೆ. ಆದರೆ ಎದ್ದೇಳಲು ಕೊನೆಯ ಮಂಗಳದ, ಅಂದರೆ ಇಡೀ ಕಾವ್ಯವನ್ನು ಮುಗಿಸುವ ಪದ್ಯದ, ಫೈಲು ಬೇಕು. ಆ ಜಾಗ ಅವರ ಪಟ್ಟಿಯಲ್ಲಿ ಖಾಲಿ ಇತ್ತು. ಹಾಗಾಗಿ ಮುದುಕಿ ಏಳುವುದಿಲ್ಲ, ಬೆಂಕಿಯನ್ನು ನೋಡುತ್ತಾ ಕಾಯುತ್ತಾಳೆ.

ನನ್ನಿಂದ ತಪ್ಪಾಯಿತು ಎಂದೆ.

ಕೇಳುವವನಿಗೆ ಕಥೆ ಬರೆಯುವ ಉಸಾಬರಿ ಯಾಕೆ ಎಂದು ಮುದುಕಿ ಕೇಳಿದಳು.

(ಈ ಮಾತು ಆಟದಲ್ಲಿ ಇಲ್ಲ, ನಾನೇ ಅವಳ ಬಾಯಿಗೆ ಹಾಕಿದ್ದು. ಆದರೂ ಬೇಜಾರಾಯಿತು.)

೫ (ಮುಕ್ತಾಯಗಳು, ಬೇಕಾದದ್ದನ್ನು ಆರಿಸಿಕೊಳ್ಳಿ, ಒಂದೂ ಸರಿಬರುವುದಿಲ್ಲ)

ಅ. ಅರ್ಚಿತಾ ಹೇಳಿದ ದಾರಿ: ಅತ್ತೆಯ ಧ್ವನಿಯ ತುಣುಕು ಕೊಟ್ಟರೆ ಕಂಪ್ಯೂಟರು ಅದೇ ಧ್ವನಿಯಲ್ಲಿ ಉಳಿದದ್ದನ್ನೂ ಓದುತ್ತದೆ. ಮಂಗಳವಾರ ಜ್ವರ ಇಳಿಯುವ ಪದ್ಯವನ್ನು ಓದಿಸಿದಳು. ಅತ್ತೆಯೇ, ಮೂವತ್ತು ವರ್ಷ ಚಿಕ್ಕವಳು. ನನ್ನ ಕಾಲು ಏಳಲಿಲ್ಲ. ಯಾಕೆಂದು ತಿಳಿಯಲಿಲ್ಲ. ವಾಟ್ಸಾಪಿನಲ್ಲಿ ಅತ್ತೆಗೆ ಕಳಿಸಿದೆವು. ಉತ್ತರ ಒಂದೇ ಸಾಲು ಬಂತು: "ಇದು ಉಸ್ರು ತಗತ್ತಿಲ್ಲೆ." ಫೈಲನ್ನು ಇನ್ನೊಮ್ಮೆ ಹಾಕಿ ಕೇಳಿದೆ. ನಾಲ್ಕನೇ ಸಾಲಿನ ತುದಿಯಲ್ಲಿ ಅತ್ತೆ ಉಸಿರಿಗೆ ನಿಲ್ಲುವ ಜಾಗವಿದೆ, ಅಲ್ಲಿ ನಾವಿಕನೂ ನಿಂತು ಉಸಿರಾಡುತ್ತಾನೆ. ಕಂಪ್ಯೂಟರು ಅವನನ್ನು ನಿಲ್ಲಲು ಬಿಡದೆ ಓಡಿಸಿತ್ತು.

ಆ. ನಾನೇ ಓದುವುದು. ಬುಧವಾರ ಕುಮಟಾದ ಕಡಲತೀರಕ್ಕೆ ಹೋಗಿ, ಸುತ್ತ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಬಾಯಿ ತೆರೆದೆ. ಮೂರನೇ ಸಾಲಿಗೆ ಮಾತ್ರೆ ತಪ್ಪಿತು. ದೂರದಲ್ಲಿ ಬಲೆ ಬಿಡಿಸುತ್ತಿದ್ದವರು ತಲೆ ಎತ್ತಿ ನೋಡಿ, ಎಂತ ಕಳೀತು ಮಾಸ್ತರೆ ಎಂದು ಕೇಳಿದರು. ಏನೂ ಇಲ್ಲ ಎಂದು ಮರಳು ನೋಡುತ್ತಾ ವಾಪಸು ಬಂದೆ.

ಇ. ಮುದುಕಿಯನ್ನೇ ತೆಗೆದುಬಿಡುವುದು. ಭಟ್ಕಳಕ್ಕೆ ಫೋನು ಮಾಡಿ ಕೇಳಿದೆ. ಬೇಡ ಎಂದ ಮುಸಾಬ್. "ತೆಗೆದ್ರೆ ಆಡ್ತಾ ಇರೋರು ಸೇವ್ ಮಾಡಿಟ್ಟ ಹಳೇ ಆಟ ಎಲ್ಲ ಕೆಡ್ತದೆ ಅಂಕಲ್. ಒಮ್ಮೆ ಬಂದು ಕೂತವ್ರನ್ನ ನಡುವೆ ಎಬ್ಬಿಸ್ಲಿಕ್ಕೆ ಆಗೂದಿಲ್ಲ." ಆಮೇಲೆ, ತಮ್ಮಲ್ಲೂ ಕುರಾನಿನ ಆಯತ್ ಅನ್ನು ಅರ್ಧಕ್ಕೆ ಕತ್ತರಿಸುವುದಿಲ್ಲ, ಮೊದಲೇ ತನಗೆ ಹೇಳಿದ್ದರೆ ಫೈಲು ಕೇಳಿ ಪಡೆಯುತ್ತಿದ್ದೆ ಎಂದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಈ. (ಇದನ್ನು ಬರೆಯುವುದಿಲ್ಲ. ಇದು ಥಾರ್ನ್‌ವೀಲಿನ ಮುಕ್ತಾಯ.)

೬

ಇವತ್ತು ಮಧ್ಯಾಹ್ನ ಅತ್ತೆ ನಮ್ಮಿಬ್ಬರನ್ನು ಕರೆಸಿದಳು. ನಾಳೆಯ ಚೀಲ ಬಾಗಿಲ ಹತ್ತಿರ ತಯಾರಿತ್ತು. ಜಗಲಿಯಲ್ಲಿ ಚಾಪೆ ಹಾಸಿತ್ತು, ನೋಟುಬುಕ್ಕು ತೆರೆದಿತ್ತು, ಹನ್ನೊಂದು ಕಡೆ ತುಳಸಿಯ ಎಲೆ ಇಟ್ಟು ಗುರುತು ಮಾಡಿದ್ದಳು. ಅರ್ಚಿತಾಳಿಗೆ ಅರ್ಥವಾಯಿತು. ಬೇಡ ಅಜ್ಜಿ, ಡಾಕ್ಟರು ಬೈಯುತ್ತಾರೆ, ಇದ್ದ ಧ್ವನಿಯನ್ನು ಉಳಿಸಿಕೊಳ್ಳಬೇಕು ಎಂದು ಕೈ ಹಿಡಿದುಕೊಂಡಳು.

"ಉಳ್ಸಿ ಎಂತ ಮಾಡದೆ ಕೂಸೆ? ಅಂವ ಜ್ವರದಲ್ಲಿ ಬಿದ್ಕಂಡಿದ್ದ."

ನಾನು ಫೋನು ಹಿಡಿದೆ. ಅತ್ತೆ ಶುರು ಮಾಡಿದಳು. ಅದು ನನಗೆ ಗೊತ್ತಿದ್ದ ಧ್ವನಿಯಲ್ಲ. ಒಡೆದಿತ್ತು, ಕೆಲವು ಅಕ್ಷರಗಳ ಬದಲು ಬರೀ ಗಾಳಿ ಬಂತು. ಆದರೆ ನಾಲ್ಕನೇ ಸಾಲಿನ ತುದಿಯಲ್ಲಿ ನಿಂತಳು, ಉಸಿರು ತೆಗೆದುಕೊಂಡಳು, ನಾವಿಕನ ಹಣೆ ತಣ್ಣಗಾಯಿತು. ನನ್ನ ಮಂಡಿ ತಾನಾಗಿ ಮಡಿಚಿತು, ಏಳಲು. ನಾನು ಬಲವಂತವಾಗಿ ಕೂತೆ. ಎದ್ದರೆ ಬೆರಳು ಮತ್ತೆ ಅದೇ ಕೆಲಸ ಮಾಡೀತು. ನನ್ನ ಆಯುಷ್ಯದಲ್ಲಿ ಮೊದಲ ಸಲ ಶುಭದ ಪದ್ಯವನ್ನು ಕೂತು, ಕೈಯಲ್ಲಿ ವಸ್ತು ಹಿಡಿದುಕೊಂಡು, ಪೂರ್ತಿ ಕೇಳಿದೆ. ಹುಲಿ ಹೋಯಿತು. ಮಳೆ ಬಂದು ಪೀಪಾಯಿ ತುಂಬಿತು. ಪ್ರತಿ ಪದ್ಯಕ್ಕೂ ಒಂದು ಅಪರಾಧ ಎಂದು ಮನಸ್ಸಿನಲ್ಲೇ ಕೈ ಮುಗಿಯುತ್ತಾ ಹೋದೆ.

ಹತ್ತರ ಮೇಲೆ ಅತ್ತೆ ಬಿಸಿನೀರು ಕುಡಿದಳು. ಹನ್ನೊಂದನೆಯ ಸಂಜೆಯದ್ದು ಎರಡು ಪದ್ಯ: ದೋಣಿ ದಡಕ್ಕೆ ಬರುವುದು ಒಂದು, ಆಮೇಲೆ ಇಡೀ ಕಾವ್ಯದ ಮಂಗಳ. ದೋಣಿಯ ಪದ್ಯ ಹೇಳಿದಳು. ಅಳಿವೆಯ ಅಲೆ ದೋಣಿಯನ್ನು ಎತ್ತಿ, ತೂಗಿ, ದಡದ ಹೊಯಿಗೆಯ ಮೇಲೆ ಇಟ್ಟಿತು. ನಾವಿಕನ ಹೆಂಡತಿ ಸೊಂಟದಷ್ಟು ನೀರಿಗೆ ಇಳಿದಳು.

ಇನ್ನು ಮಂಗಳ. ಅದಕ್ಕೂ ಕೂತಿರಲು ನನ್ನಿಂದಾಗಲಿಲ್ಲ. ಫೋನನ್ನು ಅರ್ಚಿತಾಳ ಕೈಗೆ ಕೊಟ್ಟು ಎದ್ದು ನಿಂತೆ, ಕೈ ಮುಗಿದೆ, ಕಣ್ಣು ಮುಚ್ಚಿದೆ.

ಏನೂ ಕೇಳಿಸಲಿಲ್ಲ. ಕಣ್ಣು ತೆರೆದರೆ ಅತ್ತೆ ಕೊನೆಯ ತುಳಸಿ ಎಲೆಯನ್ನು ಅದೇ ಪುಟದಲ್ಲಿ ಬಿಟ್ಟು ನೋಟುಬುಕ್ಕು ಮುಚ್ಚುತ್ತಿದ್ದಳು.

"ಎಂತಕ್ಕೆ ಎದ್ದೆ? ಕೂತ್ಕ."

ಮಂಗಳ ಇದೆಯಲ್ಲ ಎಂದೆ.

"ಅದು ಆಸ್ಪತ್ರೆಯಿಂದ ಬಂದ್ಮೇಲೆ. ನಂಗೆ ತಿರುಗಿ ಬಪ್ಲೆ ಒಂದು ಕೆಲ್ಸ ಬ್ಯಾಡ್ದನಾ?"

೭

ಸಂಜೆ ಆರಾಗಿಲ್ಲ, ಹೊರಗೆ ಇನ್ನೂ ಬೆಳಕಿದೆ. ಅತ್ತೆ ಒಳಗೆ ಮಲಗಿದ್ದಾಳೆ. ಅರ್ಚಿತಾ ಹೊಸ ಫೈಲುಗಳನ್ನು ಸೇರಿಸಿ ಮುಗಿಸಿದಳು. ಹಾಲೋಮಾರ್ಕಿನ ಛತ್ರದಲ್ಲಿ ಈಗ ಜ್ವರ ಇಳಿಯುತ್ತದೆ, ಹುಲಿ ಕಾಡಿಗೆ ಹೋಗುತ್ತದೆ, ದೋಣಿ ದಡ ಮುಟ್ಟುತ್ತದೆ. ಮುದುಕಿ ಮಾತ್ರ ಏಳುವುದಿಲ್ಲ. ಮಂಗಳದ ಫೈಲು ಇಲ್ಲದೆಯೂ ಅವಳನ್ನು ಎಬ್ಬಿಸುವ ಒಂದು ಸಾಲು ಬರೆಯಲೇ, ಐದು ನಿಮಿಷದ ಕೆಲಸ ಎಂದು ಅರ್ಚಿತಾ ಕೇಳಿದಳು. ಬೇಡ ಎಂದೆ. ಅವಳೂ ಹೆಚ್ಚು ಒತ್ತಾಯ ಮಾಡಲಿಲ್ಲ. ಮುಸಾಬ್ ಮಾಡ್‌ನ ಪುಟದಲ್ಲಿ ಹಾಕಿದ್ದಾನೆ: ಅಜ್ಜಿ ಏಳುವುದಿಲ್ಲ ಎಂದು ದೂರು ಬರೆಯಬೇಡಿ, ಅದು ಬಗ್ ಅಲ್ಲ.

ಸೋಮವಾರ ಏನಾಯಿತು ಎಂದು ನೀವು ಪುಟ ತಿರುಗಿಸುತ್ತೀರಿ. ನಾಳೆ ಬೆಳಿಗ್ಗೆ ಐದೂವರೆಗೆ ಕಾರು ಬರುತ್ತದೆ ಎನ್ನುವುದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ. ನಾವು ಯಾವ ಆಟದೊಳಗೆ ಇದ್ದೇವೆ, ಕಾಯುವುದರಲ್ಲೋ ಕಾಯದೇ ಇರುವುದರಲ್ಲೋ, ಅದೂ ಗೊತ್ತಿಲ್ಲ. ದೋಣಿ ದಡದಲ್ಲಿದೆ. ಕೆಟ್ಟ ಜಾಗದಲ್ಲಿ ನಿಲ್ಲಿಸಿಲ್ಲ.

ಕೈ ಮುಗಿಯಲು ಎದ್ದವರಿದ್ದರೆ ದಯವಿಟ್ಟು ಕೂತುಕೊಳ್ಳಿ. ನಾನೂ ಕೂತಿದ್ದೇನೆ. ಫೋನು ಮತ್ತೆ ನನ್ನ ಕೈಯಲ್ಲಿದೆ.