ಕಂಪನಿ ಕೊಟ್ಟ ಟೈರು

ನಮ್ಮ ಬೈಲಹೊಂಗಲದ ಕಡೆ ಹೊಸ ಗಾಡಿ ಬಂತೆಂದರೆ ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು. ವಿಭೂತಿ, ಕುಂಕುಮ, ಊದಿನಕಡ್ಡಿ ಎಲ್ಲವೂ ಗಾಲಿಗೇ. ಆ ದಿನ ಟೈರಿನ ಮುಖ ನೋಡಿದ್ದೇ ನೋಡಿದ್ದು. ಆಮೇಲೆ ಪಂಕ್ಚರ್ ಆಗುವ ತನಕ ಯಾರೂ ಅತ್ತ ಹಾಯುವುದಿಲ್ಲ. ಗಾಜು ಒರೆಸುತ್ತೇವೆ, ಬಾನೆಟ್ ಒರೆಸುತ್ತೇವೆ. ಟೈರಿನದು ಮಾತ್ರ ಬಡ ಮನೆಯ ಸೊಸೆಯ ಪಾಡು: ಭಾರವೆಲ್ಲ ಅದರ ಮೇಲೆ, ಹೇಗಿದ್ದೀಯವ್ವಾ ಎಂದು ಕೇಳುವವರಿಲ್ಲ.

ಅಂದಾನೆಪ್ಪನ ಏಳು ಸೀಟಿನ ಎಸ್‌ಯುವಿಯದೂ ಅದೇ ಕಥೆ. ಅಂದಾನೆಪ್ಪ ಮದುವೆಯಾಗದ ಮನುಷ್ಯ. ತಮ್ಮ ನಿಂಗರಾಜ, ತಮ್ಮನ ಹೆಂಡತಿ ಉಮಾಶ್ರೀ, ಅವರ ಮಗಳು ಪ್ರಣಿತಾ, ಇವರೇ ಅವನ ಸಂಸಾರ. ಮೂರು ವರ್ಷದ ಹಿಂದೆ ಗಾಡಿ ಕೊಂಡಾಗ ಮನೆಯವರು ಕುಳಿತು ಮಿಕ್ಕ ಜಾಗಕ್ಕೆ ಓಣಿಯ ಹುಡುಗರು ಜಗಳಾಡುತ್ತಿದ್ದರು. ವರ್ಷ ತಿರುಗುವುದರೊಳಗೆ ಅಣ್ಣತಮ್ಮಂದಿರ ನಡುವೆ ಹೊಲದ ಮಾತು ಬಂತು. ಮಾತು ಬೆಳೆಯಿತು, ಪಾಲಾಯಿತು. ನಿಂಗರಾಜ ಹೆಂಡತಿ ಮಗಳನ್ನು ಕರೆದುಕೊಂಡು ರಾಮದುರ್ಗಕ್ಕೆ ಹೋಗಿ ಕಾಳಿನ ಅಂಗಡಿ ಇಟ್ಟ. ಗಾಡಿ ಅಂದಾನೆಪ್ಪನ ಪಾಲಿಗೆ ಬಂತು. ಒಬ್ಬನಿಗೆ ಏಳು ಸೀಟು.

ಸಂಜೆಯಾದರೆ ಮನೆಯೇ ಅವನನ್ನು ಹೊರಗೆ ದಬ್ಬುತ್ತಿತ್ತು. ಕೆಲಸವಿಲ್ಲದಿದ್ದರೂ ಗಾಡಿ ತೆಗೆದು ಕಿತ್ತೂರಿಗೆ ಹೋಗಿ ಒಂದು ಚಹಾ ಕುಡಿದು ಬರುತ್ತಿದ್ದ. ಬೇಸರ ಹೆಚ್ಚಾದ ದಿನ ದೇಗಾಂವದ ತನಕ. ಹಾಗೆ ತಿರುಗುತ್ತಿರುವಾಗ ಒಂದು ದಿನ ಗಾಡಿಯೊಳಗೆ ಸಣ್ಣದೊಂದು ಸಪ್ಪಳ ಶುರುವಾಯಿತು. ಗುಂಯ್ ಎಂದು. ವೇಗ ಏರಿದರೆ ಏರುವುದು, ಇಳಿದರೆ ಇಳಿಯುವುದು. ಹಿಂದಿನ ಸೀಟಿನಲ್ಲಿ ನಾಲ್ಕು ಮಂದಿ ತಮ್ಮ ತಮ್ಮೊಳಗೆ ಮಾತಾಡಿಕೊಂಡ ಹಾಗೆ ಅವನಿಗೆ ಕೇಳಿಸುತ್ತಿತ್ತು. ಅವನು ರೇಡಿಯೋ ಹಚ್ಚುವುದನ್ನು ಬಿಟ್ಟ. ಒಮ್ಮೊಮ್ಮೆ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತಿದ್ದ. ಸೀಟು ಖಾಲಿ ಇರುತ್ತಿತ್ತು, ಸಪ್ಪಳ ಮಾತ್ರ ಜೊತೆಗಿರುತ್ತಿತ್ತು. ಇದನ್ನು ಅವನು ಯಾರಿಗೂ ಹೇಳಲಿಲ್ಲ.

ಮಳೆಗಾಲದ ಕೊನೆಗೆ ಒಂದು ದಿನ ಪ್ರಣಿತಾಳ ಫೋನು ಬಂತು.

"ದೊಡ್ಡಪ್ಪ, ರವಿವಾರ ನಮ್ಮನ್ನ ನವಿಲುತೀರ್ಥಕ್ಕ ಕರಕೊಂಡ ಹೋಗ್ತಿಯೇನ? ಡ್ಯಾಮ್ ತುಂಬೇತಂತ. ಅಪ್ಪಾನೂ ಹೂಂ ಅಂದಾನ."

ಅಪ್ಪ ಖರೇನೇ ಹೂಂ ಅಂದನೇ, ತಾನಾಗಿಯೇ ಅಂದನೇ ಎಂದು ಅಂದಾನೆಪ್ಪ ಮತ್ತೆ ಮತ್ತೆ ಕೇಳಿದ. ತಮ್ಮ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಈ ರವಿವಾರ ನೆಟ್ಟಗೆ ನಡೆದರೆ ಮುಂದಿನದಕ್ಕೆ ದಾರಿ ಇತ್ತು. ಕೆಟ್ಟರೆ ಇನ್ನು ದಾರಿ ಇರಲಿಲ್ಲ.

ಮರುದಿನ ಕಿತ್ತೂರಿಗೆ ಹೊರಟಾಗ ಶಾಲೆಯ ದಿನಗಳ ಗೆಳೆಯ ಪೀರಸಾಬ ಸಂಗಡ ಹತ್ತಿದ. ಅಂದಾನೆಪ್ಪ ಅವನಿಗೆ ರವಿವಾರದ ಸುದ್ದಿ ಹೇಳಿದ. ಪೀರಸಾಬ ಬಸ್ಸು ಓಡಿಸಿ ನಿವೃತ್ತನಾದವನು. ಕಂಡಕ್ಟರನ ಸಿಳ್ಳೆ, ಹಳೇ ಬಸ್ಸಿನ ಗೇರು, ಫೋನಿನೊಳಗಿನ ಹೆಣ್ಣುಮಗಳು, ಎಲ್ಲದರ ದನಿಗಳೂ ಅವನ ಗಂಟಲಲ್ಲಿ ಬಾಡಿಗೆಗೆ ಇದ್ದವು. ಊರು ದಾಟುತ್ತಲೇ ಅವನು ಕಿವಿ ನಿಮಿರಿಸಿದ. ಗಾಡಿಯ ಸಪ್ಪಳಕ್ಕೆ ತನ್ನ ದನಿ ಕೂಡಿಸಿ ಗುಂಯ್ ಎಂದ. ವೇಗ ಏರಿದಾಗ ಏರಿಸಿದ, ಇಳಿದಾಗ ಇಳಿಸಿದ. ಯಾವುದು ಗಾಡಿ, ಯಾವುದು ಪೀರಸಾಬ ಎಂದು ತಿಳಿಯದಂತಾಯಿತು. ಮೊದಲು ಬೇರಿಂಗ್ ಹೋಗಿದೆ ಎಂದ. ಸ್ವಲ್ಪ ದೂರ ಹೋದ ಮೇಲೆ ಅಲ್ಲ, ಟೈರು ಓರೆಯಾಗಿ ಸವೆದಿದೆ, ಬದಲಿಸಬೇಕು ಎಂದ.

ಅಂದಾನೆಪ್ಪ ಒಪ್ಪಲಿಲ್ಲ. ಇವು ಅಂಗಡಿಯಲ್ಲಿ ಕೊಂಡ ಟೈರಲ್ಲ, ಗಾಡಿಯ ಸಂಗಡ ಫ್ಯಾಕ್ಟರಿಯಿಂದಲೇ ಬಂದ ಕಂಪನಿ ಟೈರು. ಐವತ್ತು ಸಾವಿರ ಕಿಲೋಮೀಟರ್ ಓಡುತ್ತವೆ ಎಂದು ಶೋರೂಮಿನವರು ಹೇಳಿದ್ದಾರೆ, ಇನ್ನೂ ಅರ್ಧ ಓಡಿಲ್ಲ, ಹೊರಗಿನಿಂದ ನೋಡಿದರೆ ಹೊಸದರಂತಿವೆ ಎಂದು ವಾದ ಹೂಡಿದ.

ಪೀರಸಾಬ ಫೋನಿನ ಹೆಣ್ಣುಮಗಳ ದನಿ ತೆಗೆದ. "ನೀವು ನಂಬಿರುವ ಟೈರು ಈಗ ವ್ಯಾಪ್ತಿ ಪ್ರದೇಶದ ಹೊರಗಿದೆ." ಆಮೇಲೆ ತನ್ನ ದನಿಯಲ್ಲಿ, "ನವಿಲುತೀರ್ಥಕ್ಕ ಹೋಗಾಂವ ಯಾವ ಊರ ದಾಟಬೇಕಲೇ? ಸವದತ್ತಿ. ಟೈರು ಸವದ, ಆಮ್ಯಾಲ ನೀ ಅತ್ತಿ. ಸವದ, ಅತ್ತಿ. ಊರ ಹೆಸರಿನ್ಯಾಗ ಹೇಳ್ಯಾರ, ನಿನಗ ತಿಳೀವಲ್ದು" ಎಂದ.

ಅಂದಾನೆಪ್ಪ ನಗಲಿಲ್ಲ. ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದ. ಸಪ್ಪಳವೂ ನಿಂತಿತು. ಸ್ಟೀರಿಂಗ್ ಹಿಡಿದುಕೊಂಡೇ, ಎದುರಿನ ಗಾಜಿಗೆ ಹೇಳುವಂತೆ ಹೇಳಿದ.

"ಆ ಸಪ್ಪಳ ಹೋದ್ರ ಗಾಡಿ ಒಳಗ ನಾ ಒಬ್ಬನ ಆಕ್ಕೇನಿ, ಪೀರಸಾಬ. ಈಗ ಯಾರರೆ ಅದಾರ ಅನಸ್ತೈತಿ."

ಪೀರಸಾಬ ಅವನಿಗೆ ಗಾಡಿ ಹಿಂದಕ್ಕೆ ತಿರುಗಿಸಲು ಹೇಳಿದ. ಊರು ಸೇರಿದ ಮೇಲೆ, ಬದಲಿಸುವುದು ಬಿಡುವುದು ನಿನಗೆ ಸೇರಿದ್ದು, ಕಣ್ಣಿಂದ ಒಮ್ಮೆ ನೋಡಿಯಾದರೂ ಬರೋಣ ಎಂದು ಇಸ್ರಾರನ ವೀಲ್ ಅಲೈನ್‌ಮೆಂಟ್ ಅಂಗಡಿಯ ದಾರಿ ಹಿಡಿಸಿದ.

ಇಸ್ರಾರ ಸ್ಟೀರಿಂಗನ್ನು ಒಂದು ಕಡೆ ಪೂರಾ ತಿರುಗಿಸಿದ. ಮುಂದಿನ ಗಾಲಿ ಹೊರಗೆ ಹೊರಳಿ, ಎಂದೂ ತೋರಿಸದ ತನ್ನ ಒಳಮಗ್ಗುಲು ತೋರಿಸಿತು. ಹೊರಗಿನ ಅಂಚಿನಲ್ಲಿ ಗ್ರಿಪ್ಪು ಗಟ್ಟಿಯಾಗಿತ್ತು. ಒಳಗಿನ ಅಂಚು ಬೋಳು ತಲೆಯಂತೆ ನುಣ್ಣಗಾಗಿತ್ತು.

"ಕೈ ಆಡಸ್ರಿ ಕಾಕಾ, ಸಾವಕಾಶ," ಎಂದ ಇಸ್ರಾರ.

ಅಂದಾನೆಪ್ಪನ ಬೆರಳಿಗೆ ಸೂಜಿಯಂಥದ್ದೇನೋ ಚುಚ್ಚಿತು. ರಬ್ಬರು ತೀರಿ ಒಳಗಿನ ತಂತಿ ಹೊರಬಂದಿತ್ತು. ತಗ್ಗಿಗೆ ಬಿದ್ದು ಬಿದ್ದು ಗಾಲಿಯ ಸಾಲು ತಪ್ಪಿದೆ, ಟೈರು ನೆಟ್ಟಗೆ ಉರುಳದೆ ತಿಕ್ಕಿಕೊಂಡು ಓಡಿದೆ, ಹಿಂದಿನವೂ ಅಲ್ಲಲ್ಲಿ ಸವೆದಿದ್ದರಿಂದ ಸಪ್ಪಳ ಬರುತ್ತಿದೆ ಎಂದು ಇಸ್ರಾರ ಹೇಳಿದ. ಬರೀ ಹೊಸ ಟೈರು ಹಾಕಿದರೆ ಅವೂ ಹೀಗೇ ಹೋಗುತ್ತವೆ, ಅಲೈನ್‌ಮೆಂಟ್ ಮಾಡಿಸಲೇಬೇಕು. ಗಾಡಿಯ ವಾರಂಟಿಯಲ್ಲದೆ ಟೈರು ಮಾಡಿದ ಕಂಪನಿಯ ವಾರಂಟಿ ಬೇರೆ ಇರುತ್ತದೆ, ಅವರ ಡೀಲರಿಗೆ ತೋರಿಸಿ ಕೇಳಬಹುದು. ಆದರೆ ಗಾಲಿ ಸಾಲು ತಪ್ಪಿ ಸವೆದದ್ದಕ್ಕೆ ಅವರು ಸಾಮಾನ್ಯವಾಗಿ ಒಪ್ಪುವುದಿಲ್ಲ ಎಂದೂ ಮುಚ್ಚುಮರೆ ಇಲ್ಲದೆ ಹೇಳಿದ.

ಅಂದಾನೆಪ್ಪ ಬೆರಳು ನೋಡಿಕೊಳ್ಳುತ್ತ ನಿಂತಿದ್ದ. ಪೀರಸಾಬ ಹತ್ತಿರ ಬಂದು ಇಸ್ರಾರನಿಗೆ ಕೇಳದಂತೆ ಹೇಳಿದ.

"ನಿನಗ ಸಪ್ಪಳ ಜೋಡಿ ಇತ್ತು, ಖರೆ. ಆದ್ರ ರವಿವಾರ ಆ ಸೀಟಿನ್ಯಾಗ ಜೀವ ಇದ್ದ ಮಂದಿ ಕುಂದ್ರಾಕ ಬರ್ತಾರ. ಸಪ್ಪಳಾನ ಇಟಗೊಂಡ್ರ ಅವರನ್ನ ಎಲ್ಲಿ ಕುಂದ್ರಸ್ತಿ?"

ನಾಲ್ಕೂ ಟೈರು ಬದಲಾದವು, ಗಾಲಿಯ ಸಾಲೂ ನೆಟ್ಟಗಾಯಿತು.

ರವಿವಾರ ಬೆಳಿಗ್ಗೆ ಅಂದಾನೆಪ್ಪ ರಾಮದುರ್ಗಕ್ಕೆ ಹೊರಟ. ಗಾಡಿ ಬೆಣ್ಣೆಯ ಮೇಲೆ ಹೋದಂತೆ ಹೋಯಿತು, ತುಟಿ ಪಿಟ್ಟೆನ್ನಲಿಲ್ಲ. ಕನ್ನಡಿಯಲ್ಲಿ ಹಿಂದಿನ ಐದು ಸೀಟುಗಳೂ ಖಾಲಿ ಎಂಬುದು ಅಂದು ಮೊದಲ ಸಲ ಅವನಿಗೆ ಪೂರಾ ಕಾಣಿಸಿತು. ಎರಡು ವರ್ಷದಲ್ಲಿ ಅಷ್ಟು ಒಂಟಿ ಅವನು ಎಂದೂ ಆಗಿರಲಿಲ್ಲ. ರೇಡಿಯೋದ ಗುಂಡಿಯತ್ತ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

ರಾಮದುರ್ಗದಲ್ಲಿ ಪ್ರಣಿತಾ ಶೇಂಗಾದ ಚೀಲ ಹಿಡಿದುಕೊಂಡು ಹತ್ತಿದಳು, ಉಮಾಶ್ರೀ ಆರಾಮ ಇದ್ದೀರೇನು ಎಂದು ಕೇಳಿದಳು. ನಿಂಗರಾಜ ಎಲ್ಲಕ್ಕಿಂತ ಹಿಂದಿನ ಸೀಟಿಗೆ ಹೋಗಿ ಕಿಟಕಿಯ ಹೊರಗೆ ಮುಖ ಮಾಡಿ ಕುಳಿತ. ಡ್ರೈವರನ ಪಕ್ಕದ ಸೀಟು ಹಾಗೇ ಉಳಿಯಿತು.

ಸವದತ್ತಿ ದಾಟಿದ ಮೇಲೆ ಜಿಟಿಜಿಟಿ ಮಳೆ ಹಿಡಿಯಿತು. ಒಂದು ತಿರುವಿನಾಚೆ, ರಸ್ತೆಯ ತುಂಬ ಕುರಿ. ಅಂದಾನೆಪ್ಪ ಬ್ರೇಕನ್ನು ನೆಲಮುಟ್ಟ ಒತ್ತಿದ. ಗಾಡಿ ಅತ್ತ ಜಾರಲಿಲ್ಲ, ಇತ್ತ ಹೊರಳಲಿಲ್ಲ. ನೆಲ ಕಚ್ಚಿ ನೆಟ್ಟಗೆ ನಿಂತಿತು. ಬಾನೆಟ್ಟಿನ ಮುಂದೆ ಒಂದು ಮರಿ ಇವರನ್ನೇ ನೋಡುತ್ತ ನಿಂತಿತ್ತು. ಕುರುಬ ಕೈ ಎತ್ತಿ ಮುಗಿದ. ಕೊನೆಗೆ ಹಿಂದಿನ ಸೀಟಿನಿಂದ ಮಾತು ಬಂತು.

"ಅಣ್ಣಾ, ಟೈರ್ ಹೊಸಾವ ಹಾಕಿಸೀ ಏನ?"

"ಹೂಂ. ನೀವು ಬರತೀರಿ ಅಂತ."

ಕುರಿ ದಾಟುವ ತನಕ ಗಾಡಿ ನಿಂತಿತ್ತು. ಅಷ್ಟರಲ್ಲಿ ನಿಂಗರಾಜ ಕೆಳಗಿಳಿದು, ಮಳೆಯಲ್ಲೇ ಸುತ್ತಿ ಬಂದು, ಮುಂದಿನ ಬಾಗಿಲು ತೆಗೆದು ಅಣ್ಣನ ಪಕ್ಕ ಕುಳಿತ.

ಸಂಜೆ ಅವರನ್ನು ರಾಮದುರ್ಗದಲ್ಲಿ ಇಳಿಸಿ ಅಂದಾನೆಪ್ಪ ಒಬ್ಬನೇ ಮರಳಿದ. ಗಾಡಿ ಮತ್ತೆ ಮೌನವಾಗಿತ್ತು. ಸೀಟಿನ ಮೇಲೆಲ್ಲ ಶೇಂಗಾದ ಸಿಪ್ಪೆ ಬಿದ್ದಿತ್ತು. ಅದನ್ನು ಅವನು ಬಹಳ ದಿನ ಗುಡಿಸಲಿಲ್ಲ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಹಾಳೆ ಕೆಳಗಿಟ್ಟು ನಿಮ್ಮ ಗಾಡಿಯ ಹತ್ತಿರ ಹೋಗಿರಿ. ಸ್ಟೀರಿಂಗ್ ಪೂರಾ ತಿರುಗಿಸಿ ಟೈರಿನ ಒಳಮಗ್ಗುಲು ನೋಡಿರಿ. ಗ್ರಿಪ್ಪಿನ ಸಂದಿಯಲ್ಲಿ ಅಡ್ಡಡ್ಡ ಸಣ್ಣ ದಿಬ್ಬಗಳಿರುತ್ತವೆ. ರಬ್ಬರು ಅವುಗಳ ಮಟ್ಟಕ್ಕೆ ಇಳಿದಿದ್ದರೆ, ತಂತಿ ಕಂಡರೆ, ಎಷ್ಟೇ ಕಡಿಮೆ ಓಡಿರಲಿ, ಆ ಟೈರಿನ ಆಯುಷ್ಯ ಮುಗಿಯಿತು. ತಿಂಗಳಿಗೊಮ್ಮೆ ಟೈರು ತಣ್ಣಗಿದ್ದಾಗ ಗಾಳಿ ನೋಡಿಸಿರಿ. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ, ದೊಡ್ಡ ತಗ್ಗಿಗೆ ಬಿದ್ದರೆ ಅದಕ್ಕೂ ಮೊದಲು, ಅಲೈನ್‌ಮೆಂಟ್ ಮಾಡಿಸಿರಿ. ಮುಂದಿನ ಹಿಂದಿನ ಟೈರು ಅದಲುಬದಲು ಮಾಡಿಸಿರಿ. ಹೊಸ ಸಪ್ಪಳ ಕೇಳಿದರೆ ಅದನ್ನು ರೂಢಿ ಮಾಡಿಕೊಳ್ಳಬೇಡಿರಿ, ತೋರಿಸಿರಿ.

ನನ್ನ ಗಾಡಿಯಲ್ಲಿ ನಾನೊಬ್ಬನೇ, ಯಾರಿಗಾಗಿ ಇದೆಲ್ಲ ಎನ್ನುವವರಿಗೂ ಒಂದು ಮಾತು. ಒಬ್ಬರೇ ಇರುವುದೆಂದರೆ ಯಾರೂ ಇಲ್ಲವೆಂದಲ್ಲ. ನೀವಿದ್ದೀರಿ. ನಿಮಗಾಗಿ ನೋಡಿರಿ.