ಪಿಸುಮಾತಿನ ಪಗಡೆ

ಸಂಕ್ರಾಂತಿಯಂದು ದೇವರು ತಪಸ್ಸಿಗೆ ಕೂತರೆ ಬರೋಗಿಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿಲ್ಲ. ಗುಡಿಯ ಬಾಗಿಲು ಮುಚ್ಚುತ್ತದೆ. ಗಂಟೆಯ ನಾಲಗೆಗೆ ಬಟ್ಟೆ ಸುತ್ತುತ್ತಾರೆ, ಟಿ.ವಿ.ಗೆ ಚಾದರ ಹೊದಿಸುತ್ತಾರೆ. ಸೇಬಿನ ತೋಟಕ್ಕೆ ಗುದ್ದಲಿ ತಾಗಿಸುವುದಿಲ್ಲ. ಫಾಲ್ಗುಣದಲ್ಲಿ ದೇವರು ಎದ್ದೇಳುವವರೆಗೂ ಊರಿಗೆ ಊರೇ ಪಿಸುದನಿಯಲ್ಲಿ ಬದುಕುತ್ತದೆ. ಆ ವರ್ಷ ಇದರ ಜೊತೆಗೆ ಹಿಮವೂ ಸೇರಿಕೊಂಡಿತು. ಒಂದು ವಾರ ಬಿಡುವಿಲ್ಲದೆ ಸುರಿಯಿತು. ಮನಾಲಿಯ ರಸ್ತೆ ಮುಚ್ಚಿತು, ಕರೆಂಟು ಹೋಯಿತು. ಮನೆಯಿಂದ ಮನೆಗೆ ಸಲಿಕೆಯಿಂದ ಕಡಿದ ಒಬ್ಬರೇ ನಡೆಯುವಷ್ಟು ಅಗಲದ ದಾರಿಗಳು ಮಾತ್ರ ಉಳಿದವು.

ಮದುವೆಯಾಗಿ ಬಂದಾಗಿನಿಂದ ಶುಕ್ರಿ ಈ ಮೌನಕ್ಕೆ ಒಗ್ಗಿಹೋಗಿದ್ದಳು. ಆದರೆ ಈ ಸಲ ಅವಳ ಗಂಟಲಲ್ಲಿ ಒಂದು ಜಗಳ ಸಿಕ್ಕಿಕೊಂಡಿತ್ತು.

ಶುಕ್ರಿಯ ಮನೆಯ ಮುಂದೆಯೇ ಖಿಮಿಯ ಮನೆ. ಇಬ್ಬರೂ ಒಂದೇ ಚಳಿಗಾಲದಲ್ಲಿ ಸೊಸೆಯರಾಗಿ ಬಂದವರು. ಒಬ್ಬಳ ಬಾಣಂತನ ಇನ್ನೊಬ್ಬಳು ಮಾಡಿದ್ದಳು. ಖಿಮಿಯ ಮಗ ಪ್ರವೇಶ್ ಹಳೆಯ ಮರದ ಮನೆಯನ್ನು ಕೆಡವಿ, ಪ್ರವಾಸಿಗರಿಗೆಂದು ಸಿಮೆಂಟಿನ ಮಹಡಿ ಮನೆ ಎಬ್ಬಿಸಿದ. ಚಳಿಗಾಲದಲ್ಲಿ ಸೂರ್ಯ ಗುಡ್ಡದ ಹೆಗಲ ಮೇಲೆ ಕಾಣಿಸಿಕೊಳ್ಳುವುದೇ ಹೊತ್ತೇರಿದ ಮೇಲೆ, ಮಧ್ಯಾಹ್ನ ದಾಟಿದೊಡನೆ ಮರೆಯಾಗಿಬಿಡುತ್ತಾನೆ. ಅಷ್ಟು ಹೊತ್ತಿನ ಬಿಸಿಲಿಗಾಗಿಯೇ ಶುಕ್ರಿ ಬೆಳಗಿನ ಕೆಲಸವನ್ನೆಲ್ಲ ಧಾವಂತದಲ್ಲಿ ಮುಗಿಸುತ್ತಿದ್ದಳು. ಆಮೇಲೆ ಅಂಗಳದಲ್ಲಿ ಕೂತು ಉಣ್ಣೆ ನೂಲುವುದು, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುವುದು, ಹಾಗೇ ಗೋಡೆಗೊರಗಿ ಒಂದು ಜೊಂಪು ತೆಗೆಯುವುದು. ಮಹಡಿಯ ಮೇಲೆ ಮಹಡಿ ಎದ್ದಂತೆ ಅಂಗಳಕ್ಕೆ ಬಿಸಿಲು ಬರುವುದು ನಿಂತೇಹೋಯಿತು.

ದಸರೆಗೆ ಮುಂಚೆ, ಕೊನೆಯ ಮಹಡಿ ಇನ್ನೂ ಕಟ್ಟುತ್ತಿರುವಾಗ, ಶುಕ್ರಿ ಕೇಳಲು ಹೋದಳು. ಖಿಮಿ ಜಗಲಿಯಲ್ಲಿ ಕುಂಬಳಕಾಯಿ ಹೆಚ್ಚುತ್ತಿದ್ದಳು.

"ಖಿಮಿ, ನಿನ್ನ ಮಗನಿಗೆ ಒಂದು ಮಾತು ಹೇಳೇ. ಮೇಲಿನ ಮಹಡಿ ಒಂದು ಬಿಟ್ಟುಬಿಡ್ಲಿ. ನಮ್ಮ ಅಂಗಳ ಈಗಲೇ ಕತ್ತಲಾಗಿದೆ."

ಖಿಮಿ ತಲೆ ಎತ್ತಲಿಲ್ಲ. "ಸೂರ್ಯ ಏನು ನಿಮ್ಮ ಮಾವ ಬಿಟ್ಟುಹೋದ ಆಸ್ತಿನಾ?" ಎಂದಳು.

ಶುಕ್ರಿ ತಿರುಗಿ ಮನೆಗೆ ಬಂದಳು. ತಕ್ಕ ಉತ್ತರ ಏನೆಂದು ದಸರೆ ಪೂರ್ತಿ ಯೋಚಿಸಿದಳು. ಸೇಬು ಇಳಿದು ಪೆಟ್ಟಿಗೆಗಳು ಲಾರಿ ಹತ್ತುವಾಗಲೂ ಮನಸ್ಸಿನಲ್ಲೇ ಅದನ್ನು ತಿದ್ದಿದಳು. ಒಂದೊಂದು ಮಾತೂ ಹದಕ್ಕೆ ಬಂತು ಅನ್ನಿಸುವ ಹೊತ್ತಿಗೆ ಸಂಕ್ರಾಂತಿ ಬಂದು ದೇವರು ಕೂತುಬಿಟ್ಟ.

ಹಿಮ ಬಿದ್ದ ಎರಡನೆಯ ದಿನ ಮಧ್ಯಾಹ್ನ ರಾಮ್‌ದಾಸಿಯಿಂದ ಅವಳ ಮನೆಗೆ ಆಟಕ್ಕೆ ಕರೆ ಬಂತು. ರಾಮ್‌ದಾಸಿ, ಅವಳ ಓರಗಿತ್ತಿ ಠಾಕ್ರಿ, ಶುಕ್ರಿ ಮತ್ತು ಖಿಮಿ ಪ್ರತಿ ಚಳಿಗಾಲ ಪಚ್ಚೀಸಿ ಪಗಡೆ ಆಡುವವರು. ಈ ಸಲ ಖಿಮಿ ಬರಲಾರಳೆಂದುಕೊಂಡು ಶುಕ್ರಿ ಹೆಣೆಯುತ್ತಿದ್ದ ಕಾಲುಚೀಲವನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು. ಬಾಗಿಲು ತಳ್ಳಿ ನೋಡಿದರೆ ಕೋಣೆ ಕಾಯಿಸುವ ತಂದೂರಿ ಒಲೆಯ ಆಚೆ ಬದಿಯಲ್ಲಿ ಖಿಮಿ ಕೂತಿದ್ದಾಳೆ.

"ಬಾಗಿಲು ಹಾಕೇ, ಹಿಮ ಒಳಗೆ ಬರುತ್ತೆ," ಎಂದು ರಾಮ್‌ದಾಸಿ ಪಿಸುಗುಟ್ಟಿದಳು.

"ನನಗೆ ಮನೇಲಿ ಕೆಲಸ ಇದೆ ಅಕ್ಕ."

"ಏನು ಕೆಲಸ? ನೊಣ ಹೊಡೆಯೋಣ ಅಂದ್ರೆ ಈ ಚಳೀಲಿ ನೊಣಾನೂ ಇಲ್ಲ."

"ಇವಳು ಬರ್ತಾಳೆ ಅಂತ ಹೇಳಿದ್ದಿದ್ರೆ ನಾನು ಬರ್ತಿರ್ಲಿಲ್ಲ."

"ಅದಕ್ಕೇ ಹೇಳಲಿಲ್ಲ," ಎಂದು ಠಾಕ್ರಿ ಒಲೆಗೆ ಕಟ್ಟಿಗೆ ತುರುಕಿದಳು.

ಶುಕ್ರಿ ಕೂತಳು. ಕೂರದೆ ಹೋಗಿದ್ದರೆ ಕತ್ತಲಾದ ಅಂಗಳವನ್ನೇ ನೋಡಬೇಕಿತ್ತು. "ಹಾಗಾದ್ರೆ ಜೋಡಿ ಬದಲಾಯಿಸಿ," ಎಂದಳು.

"ಆಗಲ್ಲ," ಎಂದಳು ರಾಮ್‌ದಾಸಿ. "ಠಾಕ್ರಿಯೂ ನಾನೂ ಒಂದೇ ಒಲೆ ಮುಂದೆ ದಿನಾ ಕಚ್ಚಾಡೋರು. ಆಟದಲ್ಲಾದ್ರೂ ಒಂದು ಕಡೆ ಇರ್ತೀವಿ, ಬಿಡು."

ತಗ್ಗು ಮೇಜಿನ ಮೇಲೆ ಪಗಡೆಯ ಹಾಸು ಬಿತ್ತು. ಕವಡೆ ಸದ್ದಾಗದಿರಲೆಂದು ಅದರ ಕೆಳಗೆ ದಪ್ಪನೆಯ ಕಂಬಳಿ. ಪಚ್ಚೀಸಿಯಲ್ಲಿ ಪಕ್ಕದಲ್ಲಿ ಕೂತವರು ಎದುರಾಳಿಗಳು, ಎದುರಿಗೆ ಕೂತವಳೇ ಜೊತೆಗಾತಿ. ಒಬ್ಬಳ ಕಾಯಿಗಳೆಲ್ಲ ಸುತ್ತು ಹಾಕಿ ನಡುಮನೆ ಸೇರಿ ಹಣ್ಣಾದರೂ ಆಟ ಗೆದ್ದಂತಲ್ಲ. ಜೊತೆಗಾತಿಯದೂ ಸೇರಬೇಕು. ಕಟ್ಟೆಯ ಮೇಲೆ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಶುಕ್ರಿಯದು ಹಳದಿ, ಖಿಮಿಯದು ಕಪ್ಪು. ಮೊದಲೆಲ್ಲ ಇವರಿಬ್ಬರು ಕೂತರೆ ಉಳಿದಿಬ್ಬರಿಗೆ ಉಸಿರಾಡಲು ಬಿಡುತ್ತಿರಲಿಲ್ಲ. ಒಬ್ಬಳ ಹುಬ್ಬು ಏರಿದರೆ ಸಾಕು, ಇನ್ನೊಬ್ಬಳಿಗೆ ಯಾವ ಕಾಯಿ ನಡೆಸಬೇಕೆಂದು ತಿಳಿಯುತ್ತಿತ್ತು.

ಈಗ ಇಬ್ಬರೂ ತಲೆ ತಗ್ಗಿಸಿಕೊಂಡು ಆಡಿದರು. ಶುಕ್ರಿ ತನ್ನ ಕಾಯಿಗಳನ್ನು ತಾನು ಓಡಿಸಿಕೊಂಡು ಮನೆ ಸೇರಿಸುತ್ತಿದ್ದಳು. ಆಮೇಲೆ ಕೈಕಟ್ಟಿ ಕೂತು, ಖಿಮಿಯ ಕಪ್ಪು ಕಾಯಿಗಳು ಒಂದೊಂದಾಗಿ ಹೊಡೆಸಿಕೊಂಡು ಮೊದಲಿನ ಜಾಗಕ್ಕೆ ಮರಳುವುದನ್ನು ನೋಡುತ್ತಿದ್ದಳು. ಮೊದಲ ದಿನ ಸೋತರು. ಮಾರನೆಯ ದಿನವೂ ಸೋತರು. ಅದರ ಮಾರನೆಯ ದಿನ ಶುಕ್ರಿಗೆ ತಡೆಯಲಾಗಲಿಲ್ಲ.

"ರಾಮ್‌ದಾಸಿ ಅಕ್ಕ, ಆ ಕಪ್ಪು ಕಾಯಿ ಕಟ್ಟೆ ಬಿಟ್ಟು ಇಳಿಯೋದು ಬೇಡ ಅಂತ ಹೇಳಿ."

"ನಿನ್ನೆದುರಿಗೇ ಕೂತಿದಾಳಲ್ಲೇ!"

"ಹೇಳಿ ನೀವು."

"ಖಿಮಿ, ನಿನ್ನ ಕಪ್ಪು ಕಾಯಿ ಕಟ್ಟೆ ಬಿಟ್ಟು ಇಳಿಯೋದು ಬೇಡ್ವಂತೆ."

"ಕೇಳಿಸ್ತು ಅಂತ ಹೇಳಿ," ಎಂದಳು ಖಿಮಿ. ಹೇಳಿ, ಬೇಕೆಂದೇ ಇಳಿಸಿದಳು. ಠಾಕ್ರಿಯ ಕೆಂಪು ಕಾಯಿ ಬಂದು ಅದನ್ನು ಹೊಡೆಯಿತು.

"ಇಂಥ ಎದುರಾಳಿಗಳು ದಿನಾ ಸಿಗ್ಲಪ್ಪ," ಎಂದು ಠಾಕ್ರಿ ಗುಡಿಯ ಕಡೆ ಕೈಮುಗಿದಳು. "ನಾವು ಆಡೋದೇ ಬೇಡ, ಅವರೇ ಸೋತ್ಕೊತಾರೆ."

ಹಿಮ ಇನ್ನೂ ಬೀಳುತ್ತಲೇ ಇತ್ತು. ಶುಕ್ರಿ ಆ ದಿನಗಳಲ್ಲಿ ಖಿಮಿಯ ಮುಖ ನೋಡದಿದ್ದರೂ ಅವಳ ಕೈಗಳನ್ನು ನೋಡುತ್ತಿದ್ದಳು, ಕವಡೆ ಅವಳ ಕೈ ಸೇರಿದಾಗ ನೋಡದೆ ವಿಧಿಯಿರಲಿಲ್ಲ. ಚಳಿಗೆ ಬೆರಳುಗಳು ಊದಿ, ಗೆಣ್ಣುಗಳು ಬಿರಿದಿದ್ದವು. ಕವಡೆ ಕುಲುಕುವ ಮೊದಲು ಖಿಮಿ ಆ ಬೆರಳುಗಳನ್ನು ತಂದೂರಿಯ ಕೊಳವೆಗೆ ತೀರಾ ಹತ್ತಿರ ಒಯ್ಯುತ್ತಿದ್ದಳು. ಹೊಸ ಮನೆಯವಳಿಗೆ ಈ ಪಾಡು ಯಾಕೆ ಎಂದು ಶುಕ್ರಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

ಮರುದಿನ ಠಾಕ್ರಿ ಹಬೆಯಲ್ಲಿ ಬೆಂದ ಬಿಸಿ ಸಿಡ್ಡು ರೊಟ್ಟಿಯ ಮೇಲೆ ತುಪ್ಪ ಸುರಿದು ಎಲ್ಲರ ಮುಂದಿಡುತ್ತ ಕೇಳಿದಳು. "ಖಿಮಿ, ಈ ಕೆಮ್ಮು ಏನೇ? ನಿನ್ನ ಹೊಸ ಮನೇಲಿ ಬೆಚ್ಚಗಿಲ್ವಾ?"

"ಮರದ ಮನೆ ಬೆಚ್ಚಗಿತ್ತು. ಇದು ಸಿಮೆಂಟು, ಬಾವಿ ಒಳಗೆ ಕೂತ ಹಾಗಿರುತ್ತೆ."

"ಮುಂದಿನ ಕೋಣೆಗಳಿಗೆ ಬಿಸಿಲು ಬರುತ್ತಲ್ಲ?"

"ಅವು ಗಿರಾಕಿಗಳಿಗೆ. ಈಗ ಯಾರೂ ಇಲ್ದಿದ್ರೂ ಬೀಗ ಹಾಕಿಟ್ಟಿದಾನೆ, ಗಲೀಜಾಗುತ್ತಂತೆ. ನನಗೆ ಕೆಳಗಿನ ಹಿಂದಿನ ಕೋಣೆ." ಖಿಮಿ ಸಿಡ್ಡು ಮುರಿದಳು, ಬಾಯಿಗಿಡಲಿಲ್ಲ. "ಕಿಟಕಿ ತೆಗೆದ್ರೆ ಇವಳ ಅಂಗಳವೇ ಕಾಣುತ್ತೆ. ಅದಕ್ಕೇ ತೆಗೆಯೋದನ್ನೇ ಬಿಟ್ಟೆ."

ಒಲೆಯಲ್ಲಿ ಕಟ್ಟಿಗೆ ಚಟಚಟ ಅಂದಿತು.

ಶುಕ್ರಿಗೆ ಆ ಕಿಟಕಿ ಗೊತ್ತಿತ್ತು. ಯಾವಾಗಲೂ ಮುಚ್ಚಿಯೇ ಇರುತ್ತಿದ್ದ ಆ ಕಿಟಕಿಯ ಹಿಂದೆ ಸಾಮಾನು ತುಂಬಿರಬೇಕು ಎಂದುಕೊಂಡಿದ್ದಳು. ಇಷ್ಟು ತಿಂಗಳು ತಾನು ಅಂಗಳದಲ್ಲಿ ನಿಂತು ಆ ಗೋಡೆಗೆ ಶಾಪ ಹಾಕುವಾಗ, ಗೋಡೆಯ ಆಚೆ, ಅದೇ ನೆರಳಿನಲ್ಲಿ, ಇವಳು ಕೆಮ್ಮುತ್ತ ಕೂತಿದ್ದಳೇ? ಹಾಕಿದ ಶಾಪಗಳೆಲ್ಲ ನೆನಪಾದವು. ದನಿ ಎತ್ತದೆ ಹಾಕಿದ್ದೇನೂ ಅಲ್ಲ, ಆಗಿನ್ನೂ ದೇವರು ಕೂತಿರಲಿಲ್ಲ. ಖಿಮಿಗೆ ಒಂದೂ ಬಿಡದೆ ಕೇಳಿಸಿರಬೇಕು.

ಆಟ ಮುಂದುವರಿಯಿತು. ಶುಕ್ರಿಯ ಮೂರು ಕಾಯಿ ಹಣ್ಣಾಗಿದ್ದವು. ನಾಲ್ಕನೆಯದು ಸುತ್ತು ಮುಗಿಸಿ, ನಡುಮನೆಗೆ ಹೋಗುವ ತನ್ನ ಪಟ್ಟಿಯ ಬಾಯಿಗೆ ಬಂದು ನಿಂತಿತ್ತು. ಅತ್ತ ಖಿಮಿಯ ಕಪ್ಪು ಕಾಯಿಯೊಂದು ಬಯಲಲ್ಲಿ ಸಿಕ್ಕಿಬಿದ್ದಿತ್ತು. ಅದರ ಹಿಂದೆಯೇ ರಾಮ್‌ದಾಸಿಯ ಹಸಿರು ಕಾಯಿ. ಶುಕ್ರಿ ಕವಡೆ ಬಿಟ್ಟಳು. ಹತ್ತು ಬಿತ್ತು.

"ಮುಗೀತು, ಇವಳದು ಇವತ್ತೂ ಹಣ್ಣು," ಎಂದಳು ಠಾಕ್ರಿ.

ಶುಕ್ರಿ ಕಾಯಿ ಎತ್ತಿದಳು. ತನ್ನ ಪಟ್ಟಿಯೊಳಗೆ ತಿರುಗಿಸಲಿಲ್ಲ. ಬಾಯಿ ದಾಟಿಸಿ, ಹೊರಗಿನ ಮನೆಗಳ ಮೇಲೆ ಒಂದೊಂದಾಗಿ ಎಣಿಸುತ್ತ, ಇನ್ನೊಂದು ಸುತ್ತಿಗೆ ಹೊರಡಿಸಿದಳು. ಜೊತೆಗಾತಿಯ ಬೆನ್ನಟ್ಟಿದ ಕಾಯಿಯನ್ನು ಹೊಡೆಯಲು ಹಾಗೆ ಮಾಡಬಹುದು, ಆಟದಲ್ಲಿ ಅಡ್ಡಿಯಿಲ್ಲ. ಆದರೆ ಕೈಗೆ ಬಂದ ಮನೆಯನ್ನು ಬಿಟ್ಟು ಯಾರೂ ಹಾಗೆ ಮಾಡುವುದಿಲ್ಲ.

"ಏಯ್! ಎತ್ತ ಹೋಗ್ತಿದೀಯಾ? ಮನೆ ಈ ಕಡೆ ಇದೆ!" ಖಿಮಿ ಕೂಗಿಯೇಬಿಟ್ಟಳು.

"ಶ್!" ಎಂದು ಓರಗಿತ್ತಿಯರಿಬ್ಬರೂ ಒಟ್ಟಿಗೆ ಕೈ ಎತ್ತಿದರು. ನಾಲ್ವರೂ ಗುಡಿಯ ದಿಕ್ಕಿನ ಗೋಡೆಯನ್ನು ನೋಡಿದರು.

"ಮನೆ ಎಲ್ಲಿದೆ ಅಂತ ನನಗೆ ಗೊತ್ತು," ಎಂದು ಶುಕ್ರಿ ಪಿಸುಗುಟ್ಟಿದಳು.

"ಗೊತ್ತಿದ್ದೂ ಯಾಕೆ ಬಿಟ್ಟೆ, ಮಂಕೇ?"

"ಒಬ್ಳೇ ಗೆಲ್ಲೋ ಆಟ ಆಗಿದ್ರೆ ಮೊದಲ ದಿನವೇ ಗೆದ್ದಿರ್ತಿದ್ದೆ. ನೀನು ಹಿಂದೆ ಕುಂಟ್ತಾ ಇದೀಯಲ್ಲ, ಅದಕ್ಕೆ."

"ನಾನು ಕುಂಟ್ತೀನಾ? ಕವಡೆ ಬೀಳ್ತಿಲ್ಲ."

"ಬೀಳ್ತಿತ್ತು. ನಿನ್ನೆ ಕಟ್ಟೆ ಮೇಲಿಂದ ಇಳಿ ಅಂತ ಕವಡೆ ಹೇಳ್ತಾ?"

"ನೀನು ಹೇಳಿದ್ದಕ್ಕೇ ಇಳಿದೆ."

"ಇಳಿಬೇಡ ಅಂದಿದ್ದೆ!"

"ಅದಕ್ಕೇ!"

ಅಷ್ಟರಲ್ಲಿ ಠಾಕ್ರಿಗೆ ಇಪ್ಪತ್ತೈದು ಬಿತ್ತು. ಅವಳ ಕೆಂಪು ಕಾಯಿ ನೆಟ್ಟಗೆ ಬಂದು, ಎರಡನೇ ಸುತ್ತಿಗೆ ಹೊರಟಿದ್ದ ಶುಕ್ರಿಯ ಹಳದಿ ಕಾಯಿಯನ್ನೇ ಹೊಡೆದು ಹಾಕಿತು. ಶುಕ್ರಿ ಬಾಯಿ ತೆರೆದುಕೊಂಡು ಕೂತಳು. ಖಿಮಿಗೆ ನಗು ಬಂತು. ಅದುಮಿದಳು, ಆಗಲಿಲ್ಲ. ಮೈಗೆ ಸುತ್ತಿದ ಉಣ್ಣೆಯ ಪಟ್ಟುವಿನ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಶುಕ್ರಿ ಮೇಜು ಬಳಸಿ ಹೋಗಿ ಅವಳ ಬೆನ್ನು ನೀವಿದಳು. ನೀವುತ್ತಲೇ ತಾನೂ ನಕ್ಕಳು. ನಾಲ್ವರೂ ಕಣ್ಣಲ್ಲಿ ನೀರು ಬರುವವರೆಗೆ, ಸದ್ದಿಲ್ಲದೆ, ಕಂಬಳಿ ಕಚ್ಚಿಕೊಂಡು ನಕ್ಕರು. ಆ ಆಟವನ್ನೂ ಇವರು ಸೋತರು.

ಮನೆಗೆ ಹಿಂತಿರುಗುವಾಗ ಹಿಮದ ದಾರಿಯಲ್ಲಿ ಖಿಮಿ ಮುಂದೆ, ಶುಕ್ರಿ ಹಿಂದೆ. ತಿರುವಿನಲ್ಲಿ ಖಿಮಿ ನಿಂತಳು. ತಿರುಗಿ ನೋಡದೆಯೇ, "ಅವತ್ತು ನಾನು ಆಡಿದ ಮಾತು..." ಎಂದಳು.

"ಈಗ ಬೇಡ," ಎಂದಳು ಶುಕ್ರಿ. "ಪಿಸುಗುಟ್ಟಿ ಮುಗಿಸೋ ಮಾತಲ್ಲ ಅದು. ದೇವರು ಏಳ್ಲಿ. ನಾನು ಗಟ್ಟಿಯಾಗಿ ಜಗಳ ಆಡ್ತೀನಿ. ನೀನೂ ಗಟ್ಟಿಯಾಗಿ ಹೇಳು."

"ಸರಿ," ಎಂದು ಖಿಮಿ ಮುಂದೆ ನಡೆದಳು.

ಫಾಲ್ಗುಣದಲ್ಲಿ ಗುಡಿಯ ಬಾಗಿಲು ತೆರೆದು, ಡೋಲು ಬಡಿದು, ಊರಿಗೆ ದನಿ ಬಂತು. ಮಾರನೆಯ ಬೆಳಿಗ್ಗೆ ಶುಕ್ರಿ ಖಿಮಿಯ ಬಾಗಿಲಿಗೆ ಹೋಗಿ ನಿಂತಳು. ದಸರೆಯಿಂದ ಕಾಯ್ದಿಟ್ಟದ್ದನ್ನೆಲ್ಲ ಆಡಿದಳು. ತನ್ನ ಅತ್ತೆ ಈ ಚಳಿಗಾಲ ಹಾಸಿಗೆ ಬಿಟ್ಟು ಏಳಲಿಲ್ಲವೆಂದಳು, ತೊಳೆದ ಉಣ್ಣೆ ಒಣಗದೆ ಮುಗ್ಗಲು ಹಿಡಿಯಿತೆಂದಳು. ಜನ ಕಿಟಕಿಗಳಲ್ಲಿ ನಿಂತು ಕೇಳಿದರು.

ಖಿಮಿಯೂ ದನಿ ಏರಿಸಿದಳು. "ಹೇಳಿದ್ದೆ ಕಣೇ! ನೀನು ಬರೋಕ್ಕೆ ಮೊದಲೇ ಅವನಿಗೆ ಹೇಳಿದ್ದೆ! ನಿನಗೇನಮ್ಮ ಗೊತ್ತಾಗುತ್ತೆ, ಸುಮ್ನಿರು ಅಂದ. ಹೆತ್ತ ಮಗ ನನ್ನ ಮಾತು ಕೇಳಲ್ಲ ಅಂತ ನಿನ್ನ ಮುಂದೆ ಹೇಗೆ ಹೇಳ್ಲಿ? ಅದಕ್ಕೇ ನಿನ್ನ ಮೇಲೇ ಹರಿಹಾಯ್ದೆ!"

ಮೇಲಿನ ಬಾಲ್ಕನಿಯಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಪ್ರವೇಶ್ ಒಳಗೆ ಹೋದ.

ಶುಕ್ರಿಯ ಬಳಿ ಇನ್ನೂ ಮಾತುಗಳಿದ್ದವು. ಆದರೆ ಅವನ್ನು ಆಡಬೇಕಾದ್ದು ಇವಳಿಗಲ್ಲ ಎನಿಸಿತು. "ಕೆಮ್ಮಿಗೆ ಏನು ಕುಡೀತಿದೀಯಾ?" ಎಂದು ಕೇಳಿದಳು.

ಮನೆಯೇನೂ ಗಿಡ್ಡವಾಗಲಿಲ್ಲ, ಅಂಗಳಕ್ಕೆ ಬಿಸಿಲೂ ಮರಳಲಿಲ್ಲ. ಆದರೆ ಆ ವಾರವೇ ಖಿಮಿ ಮುಂದಿನ ಕೋಣೆಯೊಂದರ ಬೀಗ ತೆಗೆಸಿ ತನ್ನ ಹಾಸಿಗೆಯನ್ನು ಅಲ್ಲಿಗೆ ಹೊತ್ತೊಯ್ದಳು. ಊರೆಲ್ಲ ಕೇಳಿಸಿಕೊಂಡಿದ್ದರಿಂದಲೋ ಏನೋ, ಮಗ ಎದುರಾಡಲಿಲ್ಲ. ಮರುದಿನ ಅವಳು ಶುಕ್ರಿಯನ್ನೂ ಶುಕ್ರಿಯ ಅತ್ತೆಯನ್ನೂ ಕರೆದಳು.

ಶುಕ್ರಿ ಕದಿರು, ಉಣ್ಣೆ ಹಿಡಿದು ಹೊಸ್ತಿಲಲ್ಲಿ ನಿಂತಳು. ಕೋಣೆಯ ತುಂಬ ಬಿಸಿಲಿತ್ತು. ತನ್ನ ಅಂಗಳದಲ್ಲಿ ಕೂರುವುದು ಬೇರೆ, ಇನ್ನೊಬ್ಬರು ಕರೆದಾಗ ಹೋಗಿ ಕೂರುವುದು ಬೇರೆ. ಅದು ಅವಳಿಗೆ ಗೊತ್ತಿತ್ತು, ಖಿಮಿಗೂ ಗೊತ್ತಿತ್ತು. ಶುಕ್ರಿ ನೆಲವನ್ನು ಕಾಲಿನಿಂದ ಮುಟ್ಟಿ ನೋಡಿ ಮುಖ ಸಿಂಡರಿಸಿದಳು.

"ಕಲ್ಲಿನ ಹಾಗೆ ಕೊರೀತಿದೆ. ಅತ್ತೆಗೆ ಕಂಬಳಿ ಹಾಸು ಮೊದ್ಲು," ಎಂದಳು.